ಬಸುರಿ ಅಂತ ಹೇಳಿದ್ಮೇಲೆ ರಾಜೀನಾಮೆಗೆ ಸೈನ್ ಹಾಕಿ ಅಂತಿದಾರೆ, ಏನ್ ಮಾಡ್ಲಿ?

ಪೀಣ್ಯ_ಲೆಕ್ಕದಮ್ಮ:
ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಕಂಪ್ನಿಲಿ ಅಕೌಂಟ್ಸ್ ನೋಡ್ಕೊಳ್ತೀನಿ, ಸೇರಿ ಒಂದು ವರ್ಷ ಏಳು ತಿಂಗ್ಳಾಯ್ತು, ಸಂಬಳ 26 ಸಾವಿರ. ನಂಗೀಗ ಐದು ತುಂಬ್ತು, ಮೊದಲ್ನೇದು. ಹೋದ್ವಾರ ಮ್ಯಾನೇಜರ್‌ಗೆ ಹೇಳ್ದಾಗ ಸ್ವೀಟ್ ಎಲ್ಲಮ್ಮ ಅಂದ್ರು, ಖುಷಿಯಾಯ್ತು. ಸೋಮವಾರ ಎಚ್ಆರ್ ಮೇಡಂ ಒಳಗೆ ಕರ್ದು ಟೈಪ್ ಮಾಡಿದ್ ಲೆಟರ್ ಒಂದನ್ನ ಮುಂದಿಟ್ರು, ಅದ್ರ ಮೇಲೆ ಕ್ಯಾಪ್ ತೆಗ್ದು ಪೆನ್ನೂ ಇಟ್ಟಿದ್ರು, ಓದಿದ್ರೆ ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ಅಂತಿದೆ! ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು, ಮಗು ಆದ್ಮೇಲೆ ಬನ್ನಿ, ವಾಪಸ್ ತಗೋತೀವಿ ಅಂದ್ರು. ನಮ್ದು ವರ್ಷಾ ವರ್ಷಾ ರಿನ್ಯೂ ಆಗೋ ಕಾಂಟ್ರಾಕ್ಟು, ಇನ್ನೈದು ತಿಂಗ್ಳಿಗೆ ಮುಗಿಯತ್ತೆ, ಹೆಂಗೂ ಮುಗಿಯೋದೇ ಅಲ್ವಾ ಅಂತಾನೂ ಅಂದ್ರು. ಮನೇಲಿ ಕೇಳ್ಕೊಂಡು ಹೇಳ್ತೀನಿ ಅಂತ ಎದ್ದು ಬಂದೆ. ಯಜಮಾನ್ರೂ ಅತ್ತೇನೂ ಬಿಟ್ಬಿಡು, ಯಾಕೆ ತಲೆನೋವು ಅಂತಾರೆ. ನಂಗೆ ಬಿಡೋಕೆ ಇಷ್ಟ ಇಲ್ಲ. ಕಾನೂನಲ್ಲಿ ಏನಾದ್ರೂ ಇದ್ಯಾ?

ಹಳೇ_ಎಚ್ಆರ್:
ಸೈನ್ ಮಾತ್ರ ಹಾಕ್ಬೇಡಿ. ಹನ್ನೊಂದು ವರ್ಷ ಆ ಮೇಜಿನ ಆ ಕಡೆ ಕೂತಿದ್ದೋನು ಹೇಳ್ತಿದೀನಿ, ನಾನೂ ಇಂಥ ಲೆಟರ್ ಟೈಪ್ ಮಾಡಿಸಿದೀನಿ, ನಾಚಿಕೆ ಆಗತ್ತೆ ಈಗ. ಆ ಲೆಟರ್ ಯಾಕೆ ಬೇಕು ಅವರಿಗೆ? ಬಸುರಿ ಇರೋವಾಗ ಅವ್ರೇ ಕೆಲಸದಿಂದ ತೆಗೆದ್ರೂ ಹೆರಿಗೆ ರಜೆ ದುಡ್ಡು ಕೊಡ್ಲೇಬೇಕು, ರಜೆ ಮೇಲಿದ್ದಾಗ ತೆಗಿಯೋದಂತೂ ಕಾನೂನಿಗೇ ವಿರುದ್ಧ. ನೀವೇ ಬಿಟ್ಟೆ ಅಂತ ಬರ್ಕೊಟ್ರೆ ಅವರ ಮೇಲೆ ಏನೂ ಇಲ್ಲ, ಕಥೆ ಮುಗೀತು. 1961ರ ಮೆಟರ್ನಿಟಿ ಬೆನಿಫಿಟ್ ಕಾಯ್ದೆಲಿ ಇದ್ದಿದ್ದು ಇದು, 2025 ನವೆಂಬರ್ 21ರಿಂದ ಸೋಶಿಯಲ್ ಸೆಕ್ಯುರಿಟಿ ಕೋಡ್ ಅನ್ನೋ ಹೊಸ ಕಾನೂನೊಳಗೆ ಹೋಗಿದೆ, ತಿರುಳು ಅದೇ. ಹೆರಿಗೆ ಡೇಟಿಗೆ ಹಿಂದಿನ 12 ತಿಂಗ್ಳಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು, ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ಸಮೇತ ರಜೆ, ಅದ್ರಲ್ಲಿ 8 ವಾರದವರೆಗೆ ಹೆರಿಗೆ ಮುಂಚೇನೇ ತಗೋಬಹುದು.

ಕಾಂಟ್ರಾಕ್ಟ್ ಮುಗಿಯೋದಕ್ಕೂ ಹೆದ್ರಬೇಡಿ. 2023ರಲ್ಲಿ ಸುಪ್ರೀಂ ಕೋರ್ಟ್ ಕವಿತಾ ಯಾದವ್ ಕೇಸಲ್ಲಿ ಕಾಂಟ್ರಾಕ್ಟ್ ಅವಧಿ ಮುಗಿದ್ಮೇಲೂ ಪೂರ್ತಿ ಹೆರಿಗೆ ಸೌಲಭ್ಯ ಸಿಗ್ಬೇಕು ಅಂದಿದೆ. ರಿನ್ಯೂ ಮಾಡ್ಲೇಬೇಕು ಅಂತ ಹೇಳಿಲ್ಲ, ಅದು ಬೇರೆ ಮಾತು, ಆದ್ರೆ ಈ 26 ವಾರದ ದುಡ್ಡು ನಿಮ್ದು.

ಹುಬ್ಬಳ್ಳಿ_ಅಕ್ಕ:
ತಂಗಿ, ನಾ ಸೈನ್ ಮಾಡಿ ಕೆಟ್ಟಾಕಿ, ನನ್ ಮಾತ್ ಕೇಳು. ನಂಗೂ ಹಿಂಗ ಮಗು ಆದ್ಮ್ಯಾಲೆ ಬಾ ಅಂದಿದ್ರು. ಏಳ್ ತಿಂಗ್ಳ ಕೂಸಿನ್ನ ಅವ್ವನ ಹತ್ರ ಬಿಟ್ಟು ಹೋದ್ರ ಗೇಟಿನ್ಯಾಗ ನಿಂದ್ರಿಸಿದ್ರು, ಒಳಗಿಂದ ಫೋನ್ ಬಂತು ಜಾಗ ಖಾಲಿ ಇಲ್ಲಂತ. ನನ್ ಟೇಬಲ್ ಮ್ಯಾಗ ಯಾರೋ ಹುಡುಗ ಕುಂತಿದ್ದ, ಕಿಡಕಿಯಿಂದ ಕಾಣಸ್ತಿತ್ತು. ರಿಸೈನ್ ಲೆಟರ್‌ನ್ಯಾಗ ನಂದ ಸೈನ್, ಯಾರ್ ಮುಂದ ಅಳೂದು?

ಸಣ್ಣ_ಉದ್ಯಮಿ:
ಬೈಬೇಡಿ, ಇನ್ನೊಂದು ಮುಖಾನೂ ನೋಡಿ. ನಮ್ಮಲ್ಲಿ ಹದಿನಾಲ್ಕು ಜನ. ಇಎಸ್ಐ, ಅಂದ್ರೆ ನೌಕರರ ಸರ್ಕಾರಿ ವಿಮೆ, ಇದ್ದೋರಿಗೆ ಹೆರಿಗೆ ದುಡ್ಡು ಇಎಸ್ಐನೇ ಕೊಡತ್ತೆ, ಸಂಬಳ 21 ಸಾವಿರದ ಮೇಲಿದ್ದು ಇಎಸ್ಐ ಇಲ್ದಿದ್ರೆ ಆರು ತಿಂಗ್ಳ ಸಂಬಳ ನಾನೇ ಕೊಡ್ಬೇಕು, ಜೊತೆಗೆ ಬದಲಿ ಆಳಿಗೂ ಕೊಡ್ಬೇಕು. ಸರ್ಕಾರ ಒಂದು ಪಾಲು ಹಾಕಿದ್ರೆ ಯಾವ ಓನರ್ರೂ ಹೆಣ್ಮಕ್ಕಳನ್ನ ಕೆಲಸಕ್ಕೆ ತಗೊಳೋಕೆ ಹಿಂದೆಮುಂದೆ ನೋಡಲ್ಲ.

ಹಳೇ_ಎಚ್ಆರ್:
ಸಾರ್, ಒಪ್ತೀನಿ, ಆ ಭಾರ ಒಬ್ರ ಮೇಲೇ ಹಾಕಿರೋದು ತಪ್ಪು. ಆದ್ರೆ ಅದನ್ನ ಸರ್ಕಾರದ ಹತ್ರ ಕೇಳಿ, ಐದು ತಿಂಗ್ಳ ಬಸುರಿ ಮುಂದೆ ಪೆನ್ನಿಡ್ಬೇಡಿ.

ಪೀಣ್ಯದ ಅಕ್ಕ, ಈಗ ನೀವು ಮಾಡ್ಬೇಕಾದ್ದು. ಮೊದ್ಲು ಮೇಲ್ ಹಾಕಿ: ನಾನು ಗರ್ಭಿಣಿ, ಇಂಥ ದಿನದಿಂದ ಹೆರಿಗೆ ರಜೆ ಬೇಕು, ದುಡ್ಡು ನನಗೆ ಅಥವಾ ಇಂಥವರಿಗೆ ಕೊಡಿ, ರಜೆಲಿ ಬೇರೆಲ್ಲೂ ಕೆಲಸ ಮಾಡಲ್ಲ. ಸೋಮವಾರ ರಾಜೀನಾಮೆ ಕೇಳಿದ್ದನ್ನೂ, ನನಗೆ ಇಷ್ಟ ಇಲ್ಲ ಅನ್ನೋದನ್ನೂ ಅದ್ರಲ್ಲೇ ಒಂದು ಸಾಲು ಬರೀರಿ. ಕಂಪ್ನಿ ಮೇಲ್ ಐಡಿ ನಾಳೆ ಬಂದ್ ಮಾಡ್ಬೋದು, ಅದಕ್ಕೇ ನಿಮ್ಮ ಸ್ವಂತ ಜಿಮೇಲ್‌ಗೂ ಸಿಸಿ ಇರ್ಲಿ. ಸ್ಯಾಲರಿ ಸ್ಲಿಪ್, ಕಾಂಟ್ರಾಕ್ಟ್ ಕಾಪಿ ಮನೇಲಿಟ್ಕೊಳಿ. ಇನ್ಮೇಲೆ ಟೈಮಿಗೆ ಸರಿಯಾಗಿ ಹೋಗಿ, ಯಾಕಂದ್ರೆ ದೊಡ್ಡ ದುರ್ನಡತೆ ಅಂತ ತೋರಿಸಿದ್ರೆ ಸೌಲಭ್ಯ ತಪ್ಪಿಸೋಕೆ ದಾರಿ ಇದೆ, ಅದಕ್ಕೇ ಮೆಮೋ ಮೇಲೆ ಮೆಮೋ ಬರೋಕೆ ಶುರುವಾಗತ್ತೆ. ಬಂದ ಪ್ರತಿಯೊಂದಕ್ಕೂ ಬರವಣಿಗೆಲೇ ಉತ್ತರ ಕೊಡಿ.

ಅವ್ರು ತೆಗೆದ್ರೇ ತೆಗೀಲಿ, 60 ದಿನದೊಳಗೆ ಅಪೀಲ್ ಹೋಗ್ಬಹುದು. ಬನ್ನೇರುಘಟ್ಟ ರಸ್ತೆ ಕಾರ್ಮಿಕ ಭವನಕ್ಕೆ, ಅಂದ್ರೆ ಕಾರ್ಮಿಕ ಇಲಾಖೆ ಆಫೀಸಿಗೆ, ಹೋಗಿ ವಿಚಾರಿಸಿ. ವಕೀಲ್ರ ಫೀಸ್ ಚಿಂತೆ ಬೇಡ, ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲ್ರು ಸಿಗ್ತಾರೆ, 15100ಕ್ಕೆ ಫೋನ್ ಮಾಡಿ.

ಪೀಣ್ಯ_ಲೆಕ್ಕದಮ್ಮ:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಹುಬ್ಬಳ್ಳಿ ಅಕ್ಕ ಬರ್ದಿದ್ದನ್ನ ಯಜಮಾನ್ರಿಗೆ ಓದಿ ಹೇಳ್ದೆ, ಸುಮ್ನಾದ್ರು, ಆಮೇಲೆ ಅವ್ರೇ ಲ್ಯಾಪ್‌ಟಾಪ್ ತಂದ್ಕೊಟ್ರು. ಮೇಲ್ ಬರೀತಿದೀನಿ. ಡಾಕ್ಟರ್ ಕೊಟ್ಟಿರೋ ಸ್ಕ್ಯಾನ್ ರಿಪೋರ್ಟನ್ನೂ ಜೊತೆಗೆ ಹಾಕ್ಲಾ?

ಹಳೇ_ಎಚ್ಆರ್:
ಸ್ಕ್ಯಾನ್ ಪೂರ್ತಿ ಬೇಡ, ಅದು ನಿಮ್ಮ ಖಾಸಗಿ ವಿಷ್ಯ. ಹೆರಿಗೆ ಡೇಟ್ ಹಾಕಿ ಡಾಕ್ಟರ್ ಒಂದು ಸರ್ಟಿಫಿಕೇಟ್ ಕೊಡ್ತಾರೆ, ಅದು ಸಾಕು. ಅದನ್ನ ಕೊಟ್ಮೇಲೆ ಹೆರಿಗೆ ಮುಂಚಿನ ವಾರಗಳ ದುಡ್ಡು ಮುಂಗಡವಾಗೇ ಕೊಡ್ಬೇಕು, ಉಳಿದಿದ್ದು ಹೆರಿಗೆ ಆಗಿರೋ ಪುರಾವೆ ಕೊಟ್ಟ 48 ಗಂಟೆಲಿ. ಕಳಿಸಿದ್ಮೇಲೆ ಸೆಂಟ್ ಪೇಜಿನ ಸ್ಕ್ರೀನ್‌ಶಾಟ್ ತಗೊಂಡಿಟ್ಕೊಳಿ.