ಲಾಫ್ಟ್‌ನಲ್ಲಿಟ್ಟ ಪ್ರೊಜೆಕ್ಟರ್‌ನ ಫ್ಯಾನ್ ಸದ್ದು: ಪಿಸುಮಾತಿನ ಸೀನ್ ಏನೂ ಕೇಳಿಸುತ್ತಿಲ್ಲ

ಡೊಂಬಿವ್ಲಿ_ಹಾಲ್:

ಎಲ್ಲರಿಗೂ ನಮಸ್ಕಾರ. ಡೊಂಬಿವ್ಲಿಯಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್. ಹಾಲ್ ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ಈಚೆಗೆ ಒಂದು ಸೆಕೆಂಡ್‌ಹ್ಯಾಂಡ್ ಪ್ರೊಜೆಕ್ಟರ್ ತಗೊಂಡೆ. ಫುಲ್ ಎಚ್‌ಡಿ, ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ ಜಾತಿ), ಲ್ಯಾಂಪ್ ಇರುವಂಥದ್ದು. ಸೋಫಾ ಹಿಂದಿನ ಗೋಡೆಯಲ್ಲಿ ಲಾಫ್ಟ್, ಅಂದರೆ ಸಾಮಾನು ಇಡುವ ಅಟ್ಟ ಇದೆ. ಅದರೊಳಗೆ ಬಡಗಿ ಒಂದು ಪ್ಲೈವುಡ್ ಹಲಗೆ ಹೊಡೆದುಕೊಟ್ಟ. ಅದಕ್ಕೆ ಮೌಂಟ್ ಹಾಕಿ ತಲೆಕೆಳಗಾಗಿ ನೇತುಹಾಕಿದ್ದೇನೆ. ಪಕ್ಕದಲ್ಲಿ ಎರಡು ಸೂಟ್‌ಕೇಸ್, ಗಣಪತಿ ಅಲಂಕಾರದ ಡಬ್ಬಿಗಳು. ಬೇರೆಲ್ಲೂ ಜಾಗ ಇಲ್ಲ, ಮುಂಬೈ ಮನೆ ಗೊತ್ತಲ್ಲ.

ಚಿತ್ರ ಸೂಪರ್. ಆದರೆ ಕಾಲು ಗಂಟೆ ಆದ ಮೇಲೆ ಫ್ಯಾನ್ ಕಿರುಚಲು ಶುರು. ಹಾಡು, ಫೈಟ್ ಇದ್ದಾಗ ಪರವಾಗಿಲ್ಲ. ಮೆಲ್ಲಗೆ ಮಾತಾಡುವ ಸೀನ್ ಬಂದರೆ ಸಬ್‌ಟೈಟಲ್ಲೇ ಗತಿ. ಅಮ್ಮ ಅಡುಗೆಮನೆಯಿಂದ "ಆ ಮಿಕ್ಸಿ ಯಾರು ಬಿಟ್ಟಿದ್ದು?" ಅಂತ ಕೇಳುತ್ತಾರೆ.

ಒಬ್ಬ ಎಲೆಕ್ಟ್ರಿಷಿಯನ್ ಫ್ಯಾನ್ ವೈರಿಗೆ ಒಂದು ರೆಸಿಸ್ಟರ್ ಹಾಕಿ ನಿಧಾನ ಮಾಡೋಣ ಅಂದ. ಇನ್ನೊಬ್ಬರು ಸುತ್ತ ಥರ್ಮೋಕೋಲ್ ಪೆಟ್ಟಿಗೆ ಮಾಡು ಅಂದರು. ಯಾವುದು ಒಳ್ಳೆಯದು?

ಮಾಟುಂಗಾ_ಸೋಲ್ಡರ್:

ಎರಡೂ ಬೇಡ. ಥರ್ಮೋಕೋಲ್ ಅಂತೂ ಬೇಡವೇ ಬೇಡ. ಶಾಖ ಹಿಡಿದಿಡುವುದೇ ಅದರ ಕೆಲಸ, ಮೇಲಾಗಿ ಬೆಂಕಿಗೆ ಬೇಗ ಸಿಗುತ್ತದೆ.

ಮೊದಲು ಸದ್ದು ಯಾವುದು ಅಂತ ತಿಳಿಯಬೇಕು. ಸ್ಪೀಕರ್ ಮ್ಯೂಟ್ ಮಾಡಿ, ಮನೆಯ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಸುಮ್ನೆ ಕೂತು ಕೇಳಿ.

ಬಿಸಿ ಆದಂತೆ ಏರುವ "ಹೋ" ಅನ್ನುವ ಸದ್ದು ಗಾಳಿಯದು. ಆನ್ ಮಾಡಿದ ಕೂಡಲೇ ಸಣ್ಣಗೆ "ಕುಯ್ಯ್" ಅಂತ ಒಂದೇ ಸ್ವರದಲ್ಲಿ ಬಂದರೆ ಅದು ಫ್ಯಾನ್ ಅಲ್ಲ, ಕಲರ್ ವ್ಹೀಲ್, ಅಂದರೆ ಲ್ಯಾಂಪ್ ಬೆಳಕಿಗೆ ಬಣ್ಣ ಕೊಡುವ ತಿರುಗುವ ಚಕ್ರ. ನಿಮ್ಮದು ಡಿಎಲ್‌ಪಿ ಆದ್ದರಿಂದ ಅದು ಇರುತ್ತದೆ. 60 ಹರ್ಟ್ಸ್ ಸಿಗ್ನಲ್‌ಗೆ (ಸೆಕೆಂಡಿಗೆ 60 ಚಿತ್ರ) 2ಎಕ್ಸ್, ಅಂದರೆ ಒಂದು ಚಿತ್ರಕ್ಕೆ ಎರಡು ಸುತ್ತು ಹಾಕುವ ವ್ಹೀಲ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, 4ಎಕ್ಸ್ ಆದರೆ ಅದರ ಎರಡರಷ್ಟು. ಬೇರಿಂಗ್ ಹೋಗುತ್ತಿದ್ದರೆ ಆ ಸದ್ದು ಗರಗಸದ ಕಡೆಗೆ ತಿರುಗುತ್ತದೆ. ಮೌಂಟ್ ಅಥವಾ ಹಲಗೆಯನ್ನು ಕೈಯಿಂದ ಒತ್ತಿದಾಗ ಯಾವುದಾದರೂ ಸದ್ದು ನಿಂತರೆ ಅದು ನಡುಕ.

ಆಮೇಲೆ ಮೆನುವಿನಲ್ಲಿ ಲ್ಯಾಂಪ್ ಮೋಡ್ ಏನಿದೆ, ಹೈ ಆಲ್ಟಿಟ್ಯೂಡ್ ಅಂತ ಏನಾದರೂ ಆನ್ ಇದೆಯಾ ನೋಡಿ. ಬಿಸಿಗಾಳಿ ಯಾವ ಕಡೆಯಿಂದ ಹೊರಗೆ ಬರುತ್ತದೆ, ಅಲ್ಲಿ ಗೋಡೆ ಎಷ್ಟು ದೂರ, ಅದನ್ನೂ ಹೇಳಿ.

ಡೊಂಬಿವ್ಲಿ_ಹಾಲ್:

ನೋಡಿದೆ. ಎರಡು ಸದ್ದು ಇವೆ. ದೊಡ್ಡದು ಏರುತ್ತಾ ಹೋಗುವ "ಹೋ". ಅದರ ಕೆಳಗೆ ಒಂದು "ಗುರ್ರ್". ಹಲಗೆಯನ್ನು ಅಂಗೈಯಿಂದ ಒತ್ತಿ ಹಿಡಿದರೆ ಗುರ್ರ್ ನಿಲ್ಲುತ್ತದೆ. ಕುಯ್ಯ್ ಇಲ್ಲ.

ಲ್ಯಾಂಪ್ ಮೋಡ್ ನಾರ್ಮಲ್. ಹೈ ಆಲ್ಟಿಟ್ಯೂಡ್ ಆನ್ ಇದೆ! ನಾನು ಮುಟ್ಟಿಲ್ಲ. ಮಾರಿದವರು ಅದನ್ನು ಲೋನಾವಳಾದ ಬಂಗಲೆಯಲ್ಲಿ ಇಟ್ಟಿದ್ದರು. ಘಾಟ್ ಮೇಲೆ ಅಂತ ಹಾಕಿರಬೇಕು.

ಬಿಸಿಗಾಳಿ ಎಡಗಡೆಯಿಂದ ಬರುತ್ತದೆ. ಲಾಫ್ಟ್‌ನ ಗೋಡೆ ಅಲ್ಲಿಂದ ನಾಲ್ಕು ಬೆರಳು ದೂರ. ಬಲಗಡೆ ಗಾಳಿ ಒಳಗೆ ಹೋಗುವ ಜಾಲರಿ, ಅದರ ಪಕ್ಕ ಸೂಟ್‌ಕೇಸ್.

ಮಾಟುಂಗಾ_ಸೋಲ್ಡರ್:

ಅರ್ಧ ಉತ್ತರ ನೀವೇ ಬರೆದುಬಿಟ್ಟಿದ್ದೀರಿ.

ಎತ್ತರದಲ್ಲಿ ಗಾಳಿ ತೆಳು. 1500 ಮೀಟರ್ ಎತ್ತರದಲ್ಲಿ ಸಮುದ್ರಮಟ್ಟಕ್ಕಿಂತ ಸುಮಾರು ಏಳನೇ ಒಂದು ಭಾಗ ತೆಳು. ಅಷ್ಟೇ ಶಾಖ ಹೊರಹಾಕಲು ಜಾಸ್ತಿ ಗಾಳಿ ತಳ್ಳಬೇಕು, ಅದಕ್ಕೆ ಆ ಮೋಡ್‌ನಲ್ಲಿ ಫ್ಯಾನ್ ಜೋರಾಗಿ ಓಡುತ್ತದೆ. ಹೆಚ್ಚಿನ ಮಾಡೆಲ್‌ಗಳಿಗೆ ಇದು ಬೇಕಾಗುವುದು 1500 ಮೀಟರ್ ಆಸುಪಾಸು ದಾಟಿದ ಮೇಲೆ. ನಿಮ್ಮ ಮಾಡೆಲ್‌ನ ಲೆಕ್ಕ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ನೋಡಿಕೊಳ್ಳಿ. ಲೋನಾವಳಾ ಇರುವುದು 620 ಮೀಟರ್ ಹತ್ತಿರ. ಪುಣೆ ಅದಕ್ಕಿಂತ ಕೆಳಗೆ, ಬೆಂಗಳೂರು 920. ಮಡಿಕೇರಿ, ಮಹಾಬಳೇಶ್ವರಕ್ಕೂ ಸಾಮಾನ್ಯವಾಗಿ ಬೇಡ. ಊಟಿಯಲ್ಲಿ ಮನೆ ಇದ್ದರೆ ಹಾಕಿಕೊಳ್ಳಿ. ಡೊಂಬಿವ್ಲಿ ಅಂದರೆ ಖಾಡಿ (ಸಮುದ್ರದ ಹಿನ್ನೀರು) ಪಕ್ಕ. ಈಗಲೇ ಆಫ್ ಮಾಡಿ.

ಇದರಿಂದ ಎಷ್ಟು ಇಳಿಯುತ್ತದೆ ಅಂತ ಕೇಳಬಹುದು. ಫ್ಯಾನ್ ಸದ್ದಿಗೆ ಒಂದು ಒರಟು ಲೆಕ್ಕ ಇದೆ. ವೇಗ ಅರ್ಧಕ್ಕೆ ಇಳಿದರೆ ಸುಮಾರು 15 ಡೆಸಿಬಲ್ ಕಮ್ಮಿ, ಐದನೇ ಒಂದು ಭಾಗ ಇಳಿದರೂ ಸುಮಾರು 5. ಕಿವಿಗೆ 10 ಡೆಸಿಬಲ್ ಇಳಿದರೆ ಸದ್ದು ಅರ್ಧ ಆದ ಹಾಗೆ. ಅಂದರೆ ವೇಗದಲ್ಲಿ ಸ್ವಲ್ಪ ಉಳಿಸಿದರೂ ಕಿವಿಗೆ ಲಾಭ ದೊಡ್ಡದು. ಆದರೆ ಆ ವೇಗವನ್ನು ನಾವು ಕಸಿದುಕೊಳ್ಳಬಾರದು. ಒಳಗೆ ಬಿಸಿ ಕಮ್ಮಿಯಾದರೆ ಪ್ರೊಜೆಕ್ಟರ್ ತಾನೇ ಇಳಿಸುತ್ತದೆ. ರೆಸಿಸ್ಟರ್ ಬೇಡ ಅಂದದ್ದು ಅದಕ್ಕೇ. ಈ ಫ್ಯಾನ್‌ಗಳಲ್ಲಿ ಮೂರನೇ ವೈರ್ ಇರುತ್ತದೆ, ಎಷ್ಟು ಸುತ್ತು ತಿರುಗುತ್ತಿದೆ ಅಂತ ಬೋರ್ಡ್‌ಗೆ ವರದಿ ಕೊಡಲು. ವೇಗ ಬೋರ್ಡ್‌ನ ಲೆಕ್ಕಕ್ಕಿಂತ ಕೆಳಗೆ ಬಿದ್ದರೆ ಕೆಂಪು ದೀಪ ಮಿಟುಕಿಸಿ ಮೆಷಿನ್ ಬಂದ್. ಬಂದ್ ಆಗಲಿಲ್ಲ ಅಂದರೆ ಇನ್ನೂ ಕೆಟ್ಟದ್ದು. ಲ್ಯಾಂಪ್ ಒಳಗಿರುವುದು ಭಾರೀ ಒತ್ತಡದ ಪಾದರಸದ ಆವಿ. ಅತಿಯಾಗಿ ಕಾದರೆ ಒಡೆಯಬಹುದು.

ಈಗ ಲಾಫ್ಟ್ ವಿಷಯ. ನನ್ನ ಅನುಮಾನ ಪೂರ್ತಿ ಅದರ ಮೇಲೇ. ಎಡಗಡೆ ಉಗುಳಿದ ಬಿಸಿಗಾಳಿ ಗೋಡೆಗೆ ಹೊಡೆದು, ಹಿಂದಿನಿಂದ ಸುತ್ತಿಬಂದು, ಬಲಗಡೆಯ ಜಾಲರಿಯಿಂದ ಮತ್ತೆ ಒಳಗೆ. ಮೆಷಿನ್ ತನ್ನ ಉಸಿರನ್ನೇ ತಾನು ಕುಡಿಯುತ್ತಿದೆ. ಸೆನ್ಸರ್‌ಗೆ ಹಾಲ್‌ನ ಗಾಳಿ ಗೊತ್ತೇ ಇಲ್ಲ, ಅದಕ್ಕೆ ಗೊತ್ತಿರುವುದು ಲಾಫ್ಟ್‌ನ ಗಾಳಿ.

ಖಾತ್ರಿ ಮಾಡಿಕೊಳ್ಳಲು ಸುಲಭ. ಹೊಲಿಗೆ ದಾರದ ತುದಿಗೆ ಉಗುರಿನಷ್ಟು ಟಿಶ್ಯೂ ಚೂರು ಕಟ್ಟಿ. ಪ್ರೊಜೆಕ್ಟರ್ ಬಿಸಿಯಾದ ಮೇಲೆ ದಾರವನ್ನು ಅದರ ಹಿಂಭಾಗದಲ್ಲಿ ಇಳಿಬಿಡಿ. ಚೂರು ಎಡದಿಂದ ಬಲಕ್ಕೆ ವಾಲಿದರೆ ಗಾಳಿ ಸುತ್ತುಹೊಡೆಯುತ್ತಿದೆ. ಕೆಲವರು ಊದಿನಕಡ್ಡಿ ಹಿಡಿದು ನೋಡುತ್ತಾರೆ, ನೀವು ಹಾಗೆ ಮಾಡಬೇಡಿ. ಆ ಹೊಗೆಯ ಜಿಡ್ಡು ನೇರ ಒಳಗೆ ಹೋಗಿ ಕೂರುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇದ್ದರೆ ಬಲಗಡೆಯ ಜಾಲರಿ ಹತ್ತಿರ ಒಮ್ಮೆ, ಸೋಫಾ ಹತ್ತಿರ ಒಮ್ಮೆ ಇಟ್ಟು ನೋಡಿ.

ನಿಜವಾಗಿದ್ದರೆ ಪರಿಹಾರ ಒಂದೇ: ಪ್ರೊಜೆಕ್ಟರ್ ಅನ್ನು ಲಾಫ್ಟ್‌ನ ಅಂಚಿನಿಂದ ಆಚೆ ತನ್ನಿ. ಎರಡು ಪಕ್ಕವೂ ಹಾಲ್‌ನ ಗಾಳಿಗೆ ತೆರೆದಿರಬೇಕು. ಮೌಂಟ್ ಅನ್ನು ಪ್ಲೈವುಡ್‌ನಿಂದ ಬಿಚ್ಚಿ ಕಾಂಕ್ರೀಟ್ ಸ್ಲ್ಯಾಬ್‌ಗೆ ಆಂಕರ್ ಬೋಲ್ಟ್ ಹಾಕಿ ಕೂರಿಸಿ, ನಡುವೆ ರಬ್ಬರ್ ವಾಷರ್. ತೆಳು ಹಲಗೆ ತಬಲಾದ ಚರ್ಮದಂತೆ ನಡುಕವನ್ನೆಲ್ಲ ಹಿಡಿದು ದೊಡ್ಡದು ಮಾಡುತ್ತದೆ, ಗುರ್ರ್ ಬರುತ್ತಿರುವುದು ಅಲ್ಲಿಂದ.

ಲ್ಯಾಂಪ್ ಅನ್ನು ಇಕೋಗೆ (ಕಮ್ಮಿ ವಿದ್ಯುತ್ತಿನ ಮೋಡ್) ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಿ. ಬೆಳಕು ಸುಮಾರು ಕಾಲು ಭಾಗ, ಕೆಲವದರಲ್ಲಿ ಇನ್ನೂ ಜಾಸ್ತಿ ಹೋಗುತ್ತದೆ. ಕತ್ತಲ ಹಾಲ್‌ನಲ್ಲಿ ಅಷ್ಟು ಬೆಳಕು ಸಾಕಾಗಬಹುದು, ಲ್ಯಾಂಪ್‌ಗೂ ಆಯುಷ್ಯ. ಹಾಂ, ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವ ಡೆಸಿಬಲ್ ಅಂಕಿ ಹೆಚ್ಚಾಗಿ ಇಕೋ ಮೋಡ್‌ನದ್ದೇ.

ಕೋಥ್ರೂಡ್_ಪರದೆ:

ಪುಣೆಯಿಂದ ಒಂದು ಮಾತು ಸೇರಿಸುತ್ತೇನೆ. ನಾನು ಹಶ್ ಬಾಕ್ಸ್, ಅಂದರೆ ಪ್ರೊಜೆಕ್ಟರ್ ಸದ್ದು ತಡೆಯುವ ಪೆಟ್ಟಿಗೆ ಮಾಡಿಸಿ ಬಳಸುತ್ತಿದ್ದೇನೆ. ಅದು ಕೆಲಸ ಮಾಡುತ್ತದೆ, ಆದರೆ ಮೊದಲ ಮದ್ದು ಅದಲ್ಲ.

ಪೆಟ್ಟಿಗೆಗೆ ಗಾಳಿ ಬರಲು ಒಂದು ದಾರಿ, ಹೋಗಲು ಇನ್ನೊಂದು ದಾರಿ, ಎರಡರ ನಡುವೆ ಪಕ್ಕಾ ಗೋಡೆ. ದಾರಿ ನೇರ ಇದ್ದರೆ ಸದ್ದೂ ನೇರ ಹೊರಗೆ ಬರುತ್ತದೆ. ಒಂದೆರಡು ತಿರುವು ಕೊಟ್ಟು ಒಳಗೆ ಫೋಮ್ ಅಂಟಿಸಬೇಕು. ಫೋಮ್ ಬೆಂಕಿ ತಡೆಯುವ ಜಾತಿಯದೇ ಇರಬೇಕು, ಸೋಫಾ ಫೋಮ್ ನಡೆಯೋದಿಲ್ಲ. ತಿರುವಿನಿಂದ ಗಾಳಿಗೆ ತಡೆ ಆಗುತ್ತದೆ, ಅದಕ್ಕೆ ಹೊರಹೋಗುವ ಬಾಯಿಗೆ 120 ಮಿಲಿಮೀಟರ್‌ನ ಕಂಪ್ಯೂಟರ್ ಫ್ಯಾನ್ ಒಂದೆರಡನ್ನು ನಿಧಾನ ವೇಗದಲ್ಲಿ ಹಾಕುತ್ತೇವೆ. ದೊಡ್ಡ ರೆಕ್ಕೆ ನಿಧಾನ ತಿರುಗಿದರೆ ಸದ್ದು ಕಮ್ಮಿ. ನಮ್ಮಲ್ಲಿ ಬುಧವಾರ ಪೇಟೆಯ ತಪ್ಕೀರ್ ಗಲ್ಲಿಯಲ್ಲಿ ಫ್ಯಾನ್, ಅಡಾಪ್ಟರ್ ಎಲ್ಲ ಸಿಗುತ್ತದೆ, ನಿಮಗೆ ಲ್ಯಾಮಿಂಗ್ಟನ್ ರೋಡ್ ಇದೆ. ಲೆನ್ಸ್ ಮುಂದೆ ಮಾಮೂಲಿ ಕಿಟಕಿ ಗಾಜು ಹಾಕಿದರೆ ಚಿತ್ರಕ್ಕೆ ಹಸಿರು ಛಾಯೆ ಬರುತ್ತದೆ. ನಾನು ಲೆನ್ಸ್ ಮುಂದೆ ತೂತು ಬಿಟ್ಟಿದ್ದೇನೆ, ಸ್ವಲ್ಪ ಸದ್ದು ಬರಲಿ ಬಿಡಿ.

ಇಷ್ಟೆಲ್ಲ ಲಾಫ್ಟ್‌ನೊಳಗೆ ಹಿಡಿಸೋದಿಲ್ಲ. ಹಾಗಾಗಿ ಮಾಟುಂಗಾದವರು ಹೇಳಿದ್ದನ್ನೇ ಮಾಡಿ.

ವಾಸ್ಕೊ_ಮಳೆ:

ಧೂಳಿನ ಬಗ್ಗೆ ಯಾರೂ ಹೇಳಲಿಲ್ಲ. ಲಾಫ್ಟ್‌ನಲ್ಲಿ ಧೂಳು ಇಲ್ಲದೆ ಇರುತ್ತಾ? ನಿಮ್ಮದು ಡಿಎಲ್‌ಪಿ, ಫಿಲ್ಟರ್ ಇಲ್ಲದೆಯೂ ಇರಬಹುದು. ಆಗ ಧೂಳು ಸೀದಾ ಹೀಟ್‌ಸಿಂಕ್ (ಒಳಗಿನ ಶಾಖ ಹೊರಹಾಕುವ ಲೋಹದ ಭಾಗ) ಮೇಲೆ ಕೂರುತ್ತದೆ. ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ ಜಾಲರಿಯನ್ನು ಮೆತ್ತನೆ ಬ್ರಷ್‌ನಿಂದ, ವ್ಯಾಕ್ಯೂಮ್ ಕಡಿಮೆ ಇಟ್ಟು ಎಳೆಯಿರಿ. ಬ್ಲೋವರ್ ಹಿಡಿದರೆ ಧೂಳು ಇನ್ನೂ ಒಳಗೆ ಹೋಗುತ್ತದೆ, ಫ್ಯಾನ್ ಕೂಡ ಹುಚ್ಚಾಪಟ್ಟೆ ತಿರುಗಿ ಬೇರಿಂಗ್ ಕೆಡಬಹುದು. ನಮ್ಮ ಗೋವಾ ಮಳೆಗಾಲದ ತೇವಕ್ಕೆ ಈ ಧೂಳು ಅಂಟಿನಂತೆ ಗಟ್ಟಿಯಾಗುತ್ತದೆ, ನಿಮ್ಮ ಕಡೆಯೂ ಕಮ್ಮಿ ಇಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ಸಾಕು.

ಸಿನಿಮಾ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡಬೇಡಿ. ಫ್ಯಾನ್ ತಾನೇ ನಿಲ್ಲುವವರೆಗೆ ಬಿಡಿ.

ಡೊಂಬಿವ್ಲಿ_ಹಾಲ್:

ಎಲ್ಲ ಮಾಡಿ ಬಂದೆ. ದಾರದ ಚೂರು ಬಲಕ್ಕೆ ಪೂರ್ತಿ ವಾಲಿತ್ತು. ಥರ್ಮಾಮೀಟರ್ ಸೋಫಾ ಹತ್ತಿರ 29 ಡಿಗ್ರಿ, ಜಾಲರಿ ಹತ್ತಿರ 41! ಹೈ ಆಲ್ಟಿಟ್ಯೂಡ್ ಆಫ್ ಮಾಡಿದ ಕೂಡಲೇ ಸದ್ದು ಎದ್ದುಕಾಣುವಷ್ಟು ಇಳಿಯಿತು. ಸೂಟ್‌ಕೇಸ್ ಮಂಚದ ಕೆಳಗೆ ಹೋಯಿತು. ಬಡಗಿಯನ್ನು ಕರೆದು ಮೌಂಟ್ ಅನ್ನು ಲಾಫ್ಟ್ ಮುಂದಿನ ಸ್ಲ್ಯಾಬ್‌ಗೆ ಬದಲಾಯಿಸಿದೆ, ರಬ್ಬರ್ ಹಾಕಿ. ಈಗ ಜಾಲರಿ ಹತ್ತಿರ 31. ಗುರ್ರ್ ಇಲ್ಲ. "ಹೋ" ಇದೆ, ಆದರೆ ಪಿಸುಮಾತು ಕೇಳುತ್ತದೆ.

ಒಂದೇ ತೊಂದರೆ. ಲ್ಯಾಂಪ್ ಮೋಡ್‌ನಲ್ಲಿ ನಾರ್ಮಲ್, ಇಕೋ ಅಲ್ಲದೆ ಸ್ಮಾರ್ಟ್ ಅಂತ ಒಂದಿದೆ. ಅದರಲ್ಲಿ ಫ್ಯಾನ್ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕೆಟ್ಟಿದೆಯಾ?

ಮಾಟುಂಗಾ_ಸೋಲ್ಡರ್:

ಕೆಟ್ಟಿಲ್ಲ. ಸೀನ್ ಕತ್ತಲಾದಾಗ ಲ್ಯಾಂಪ್ ಇಳಿಸುತ್ತದೆ, ಬೆಳಕಾದಾಗ ಏರಿಸುತ್ತದೆ, ಅದರ ಹಿಂದೆ ಫ್ಯಾನ್ ಓಡುತ್ತದೆ. ಒಂದೇ ಸಮ ಇರುವ ಸದ್ದನ್ನು ಕಿವಿ ಬೇಗ ಮರೆಯುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ. ರಾತ್ರಿ ಸಿನಿಮಾಕ್ಕೆ ಇಕೋ, ಹಗಲು ಕ್ರಿಕೆಟ್‌ಗೆ ನಾರ್ಮಲ್ ಇಟ್ಟುಕೊಳ್ಳಿ. ಸ್ಮಾರ್ಟ್ ಬೇಡ.

ಸೆಕೆಂಡ್‌ಹ್ಯಾಂಡ್ ಅಲ್ವಾ, ಮೆನುವಿನಲ್ಲಿ ಲ್ಯಾಂಪ್ ಗಂಟೆ ಎಷ್ಟಾಗಿದೆ ಅಂತಲೂ ನೋಡಿ. ಹಳಬರು ಮೀಟರ್ ಸೊನ್ನೆ ಮಾಡಿ ಕೊಟ್ಟಿರಲೂಬಹುದು. ಹಾಗಾಗಿ ಅಂಕಿಯನ್ನು ಪೂರ್ತಿ ನಂಬಬೇಡಿ, ಚಿತ್ರ ಮಂಕಾಗುತ್ತಾ ಬಂದರೆ ಲ್ಯಾಂಪ್ ಮುದಿಯಾಗಿದೆ ಅಂತ ತಿಳಿಯಿರಿ. ಬದಲಾಯಿಸುವಾಗ ಬರೀ ಬಲ್ಬ್ ತರಬೇಡಿ, ಹೌಸಿಂಗ್ (ಬಲ್ಬ್ ಕೂರುವ ಚೌಕಟ್ಟು) ಸಮೇತ ತನ್ನಿ. ಹೊಸದು ಕೂರಿಸಿದ ಮೇಲೆ ಮಾತ್ರ ಮೀಟರ್ ಸೊನ್ನೆ ಮಾಡಿ.