ಅಲಾಸ್ಕಾ ಪ್ರಶ್ನೆಗೆ ನನ್ನ ಉತ್ತರ: ಮೊದಲು ಗಂಟೆ, ಆಮೇಲೆ ಸಮುದ್ರ

ತಂಗಿ, ನಮ್ಮ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಓದಿದೆ. ಎರಡು ಸಾಲಿನಲ್ಲಿ ಬರೆದು ಮುಗಿಸುವ ಉತ್ತರ ಇದಲ್ಲವಾದ್ದರಿಂದ ಧ್ವನಿಸಂದೇಶವಾಗಿ ಕಳುಹಿಸುತ್ತಿದ್ದೇನೆ. ಉದ್ದವಾಗುತ್ತದೆ, ಬಿಡುವಾದಾಗ ಕೇಳಿಸಿಕೊ. ನಿನಗೆ ಅಲಾಸ್ಕಾದ ಕ್ರೂಸ್ ಮಾಡಬೇಕೆಂಬ ಆಸೆ ಇದೆ, ನಿನ್ನ ಯಜಮಾನರಿಗೆ ಹಡಗೆಂದರೆ ಇಷ್ಟವೇ ಆದರೂ ಹಡಗಿನ ತನಕ ಕರೆದೊಯ್ಯುವ ದೀರ್ಘ ವಿಮಾನ ಪ್ರಯಾಣವೆಂದರೆ ಆಗುವುದಿಲ್ಲ, ಹೀಗಿರುವಾಗ ಯಾವ ಕಡೆಗೆ ಹೋಗುವುದು ಎಂದು ಕೇಳಿದ್ದೀಯೆ. ನಮ್ಮವರು ಬೇರೆ ಬೇರೆ ದೇಶಗಳಲ್ಲಿ ಇರುವುದರಿಂದ, ಇದೇ ತೊಡಕಿನಲ್ಲಿರುವ ಉಳಿದವರಿಗೂ ಉಪಯೋಗವಾಗಲೆಂದು ನಿಮ್ಮ ಊರನ್ನಷ್ಟೇ ಹಿಡಿದುಕೊಳ್ಳದೆ ಹೇಳುತ್ತೇನೆ.

ಮೊದಲಿಗೆ, ನಿದ್ದೆ ಮಾತ್ರೆ ಕೊಟ್ಟು ಕರೆದುಕೊಂಡು ಹೋಗು ಎಂದು ಗುಂಪಿನಲ್ಲಿ ಆಗಲೇ ಬಂದಿರುವ ಸಲಹೆಯನ್ನು ದಯವಿಟ್ಟು ಬದಿಗಿಡು. ಮಾತ್ರೆ ನುಂಗಿ ಕುಳಿತಲ್ಲೇ ಅಲುಗಾಡದೆ ಗಂಟೆಗಟ್ಟಲೆ ಮಲಗುವುದು ಕಾಲಿನ ರಕ್ತನಾಳಗಳಿಗೆ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕುಳಿತೇ ಪ್ರಯಾಣ ಮಾಡುವವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತರಲ್ಲಿ ಅದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಆಗುವಷ್ಟು ಸಣ್ಣದು, ಹೆದರಬೇಕಾಗಿಲ್ಲ. ಆದರೆ ಎದ್ದು ಓಡಾಡುವುದೇ ಅದಕ್ಕೆ ಪರಿಹಾರವಾಗಿರುವಾಗ ಮನುಷ್ಯನನ್ನು ಮಲಗಿಸಿಬಿಡುವುದು ಜಾಣತನವಲ್ಲ. ಅದಕ್ಕಿಂತ ಮುಖ್ಯವಾಗಿ, ಬೇಡವೆನ್ನುವವರನ್ನು ಹೇಗೋ ಒಪ್ಪಿಸಿ ಕರೆದೊಯ್ದರೆ ವಾಪಸ್ಸಿನ ವಿಮಾನದ ಚಿಂತೆ ಹಡಗಿನ ಎಲ್ಲ ದಿನಗಳಲ್ಲೂ ಅವರ ಜೊತೆಗಿರುತ್ತದೆ. ಆದ್ದರಿಂದ ಅವರ ಇಷ್ಟವಿಲ್ಲದಿರುವಿಕೆಯನ್ನು ಗೆಲ್ಲಬೇಕಾದ ಹಟವೆಂದು ನೋಡಬೇಡ. ಬಜೆಟ್ಟು, ರಜೆಯ ದಿನಗಳು ಇದ್ದ ಹಾಗೆ ಅದೂ ಯೋಜನೆಯ ಒಂದು ಮಿತಿ ಎಂದು ತಿಳಿದುಕೊ. ಮಿತಿ ಎಷ್ಟು ಗಂಟೆಯೆಂದು ಅವರು ಹೇಳಲಿ, ಆ ಮಿತಿಯೊಳಗೆ ಬರುವ ಸಮುದ್ರಗಳಲ್ಲಿ ಯಾವುದು ಬೇಕೆಂದು ನೀನು ಆರಿಸು. ಹೀಗೆ ಕೆಲಸ ಹಂಚಿಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಆದರೆ ಗಂಟೆ ಕೇಳುವ ಮುಂಚೆ ಇನ್ನೊಂದನ್ನು ಕೇಳಬೇಕು, ಇದನ್ನು ಬಹಳ ಮಂದಿ ಕೇಳುವುದೇ ಇಲ್ಲ: ವಿಮಾನದಲ್ಲಿ ಅವರಿಗೆ ಆಗದಿರುವುದು ನಿಜವಾಗಿ ಯಾವುದು? ಸೊಂಟ, ಮಂಡಿ, ಕಾಲು ಹಿಡಿದುಕೊಳ್ಳುವುದೇ ತೊಂದರೆಯಾದರೆ ಲೆಕ್ಕಕ್ಕೆ ಬರುವುದು ಒಂದೇ ಸಲ ಎಷ್ಟು ಹೊತ್ತು ಕುಳಿತಿರಬೇಕು ಎಂಬುದು. ಅಂಥವರು ಹನ್ನೆರಡು ಗಂಟೆಯ ಹಾರಾಟವನ್ನು ಆರಾರು ಗಂಟೆಯ ಎರಡು ತುಂಡು ಮಾಡಿ, ನಡುವೆ ದುಬೈ, ದೋಹಾ, ಇಸ್ತಾಂಬುಲ್, ಸಿಂಗಪುರದಂತಹ ಊರಿನಲ್ಲಿ ಒಂದು ರಾತ್ರಿ ಚೆನ್ನಾಗಿ ಮಲಗಿ ಮುಂದುವರಿದರೆ ಬಹುತೇಕ ನೆಮ್ಮದಿಯಾಗಿ ತಲುಪುತ್ತಾರೆ. ಇಳಿಯುವಾಗ ಕಿವಿ ಸಿಡಿಯುವುದೇ ತೊಂದರೆಯಾದರೆ ಇದೇ ಉಪಾಯ ತಿರುಗುಬಾಣವಾಗುತ್ತದೆ, ಏಕೆಂದರೆ ಅವರಿಗೆ ನೋವು ಕೊಡುವುದು ಗಂಟೆಗಳಲ್ಲ, ಇಳಿಯುವ ಸಂಖ್ಯೆ. ತುಂಡು ಮಾಡಿದಷ್ಟೂ ನೋವು ಹೆಚ್ಚು. ಮೇಲೇರುವಾಗಿನ ಭಯ, ಗಾಳಿಯಲ್ಲಿ ವಿಮಾನ ಕುಲುಕುವಾಗಿನ ಭಯ ಇರುವವರಿಗೂ ನೇರ ವಿಮಾನವೇ ವಾಸಿ. ಇನ್ನು ಕೆಲವರಿಗೆ ಹಾರುವಾಗ ಏನೂ ಆಗುವುದಿಲ್ಲ, ಇಳಿದ ಮೇಲೆ ನಾಲ್ಕು ದಿನ ನಿದ್ದೆ ಕೆಡುತ್ತದೆ. ಅವರು ನೋಡಬೇಕಾದದ್ದು ದೂರವನ್ನಲ್ಲ, ದಿಕ್ಕನ್ನು. ಉತ್ತರದಿಂದ ದಕ್ಷಿಣಕ್ಕೆ ಎಷ್ಟೇ ಹೊತ್ತು ಹಾರಿದರೂ ಗಡಿಯಾರ ಹೆಚ್ಚು ಬದಲಾಗುವುದಿಲ್ಲ, ಪೂರ್ವ ಪಶ್ಚಿಮವಾಗಿ ಹಾರಿದರೆ ಬದಲಾಗುತ್ತದೆ, ಅದರಲ್ಲೂ ಪೂರ್ವಕ್ಕೆ ಹೋಗುವುದು ಪಶ್ಚಿಮಕ್ಕೆ ಹೋಗುವುದಕ್ಕಿಂತ ಕಷ್ಟ, ಏಕೆಂದರೆ ನಮ್ಮ ದೇಹದೊಳಗಿನ ಗಡಿಯಾರ 24 ಗಂಟೆಗಿಂತ ಕೊಂಚ ನಿಧಾನವಾಗಿಯೇ ಓಡುವುದರಿಂದ ದಿನವನ್ನು ಉದ್ದ ಮಾಡಿಕೊಳ್ಳುವುದು ಅದಕ್ಕೆ ಸುಲಭ, ಗಿಡ್ಡ ಮಾಡಿಕೊಳ್ಳುವುದು ಕಷ್ಟ. ತಲೆಭಾರ, ಬಾಯಿ ಒಣಗುವುದು, ಸುಸ್ತು ಇವೇ ದೂರುಗಳಾಗಿದ್ದರೆ ವಿಮಾನದ ಮಾದರಿಯನ್ನು ನೋಡಿ ಟಿಕೆಟ್ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ವಿಮಾನದೊಳಗಿನ ಗಾಳಿಯ ಒತ್ತಡ 8,000 ಅಡಿಯವರೆಗಿನ ಎತ್ತರದ ಬೆಟ್ಟದ ಮೇಲಿದ್ದಷ್ಟು ಕಡಿಮೆ ಇರಬಹುದು. ಬೋಯಿಂಗ್ 787, ಏರ್‌ಬಸ್ ಎ350 ಮಾದರಿಗಳಲ್ಲಿ ಅದು ಸುಮಾರು 6,000 ಅಡಿಯ ಮಟ್ಟದಲ್ಲಿರುತ್ತದೆ. ವ್ಯತ್ಯಾಸ ಎಲ್ಲರಿಗೂ ಗೊತ್ತಾಗುವುದಿಲ್ಲ, ಗೊತ್ತಾಗುವವರಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಈಗ ಗಂಟೆಯ ಮಾತು. ಗಂಟೆ ಎಂದರೆ ಟಿಕೆಟ್ಟಿನ ಮೇಲೆ ಬರೆದಿರುವ ಹಾರಾಟದ ಸಮಯ ಎಂದುಕೊಳ್ಳಬೇಡ. ಮನೆಯ ಬಾಗಿಲು ಎಳೆದುಕೊಂಡ ಕ್ಷಣದಿಂದ ಹಡಗಿನ ಮೆಟ್ಟಿಲು ಹತ್ತುವ ಕ್ಷಣದವರೆಗೆ ಎಣಿಸು. ಹಾಗೆ ಎಣಿಸಿದಾಗ ಬಂದರುಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಬಾರ್ಸಿಲೋನಾದಲ್ಲಿ ವಿಮಾನ ನಿಲ್ದಾಣದಿಂದ ಹಡಗುಕಟ್ಟೆಗೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ ಸಾಕು, ಸಿಂಗಪುರದಲ್ಲಿಯೂ ಅಷ್ಟೇ, ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಂತೂ ವಿಮಾನ ನಿಲ್ದಾಣವೂ ಬಂದರೂ ಅಕ್ಕಪಕ್ಕದಲ್ಲೇ ಇವೆ. ವ್ಯಾಂಕೂವರ್‌ನಲ್ಲಿ ವಿಮಾನ ನಿಲ್ದಾಣದಲ್ಲಿ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಹಡಗುಕಟ್ಟೆಯ ಹತ್ತಿರದ ನಿಲ್ದಾಣದಲ್ಲಿ ಇಳಿಯಬಹುದು, ಅಥೆನ್ಸ್‌ನ ಪಿರಿಯಸ್ ಬಂದರಿಗೂ 2022ರಿಂದ ವಿಮಾನ ನಿಲ್ದಾಣದಿಂದ ನೇರ ಮೆಟ್ರೋ ಇದೆ. ಆದರೆ ರೋಮ್ ಎಂದು ಮಾರುವ ಕ್ರೂಸ್ ಹೊರಡುವುದು ರೋಮ್‌ನಿಂದ 70 ಕಿಲೋಮೀಟರಿಗೂ ದೂರದ ಚಿವಿತಾವೆಕ್ಕಿಯಾದಿಂದ, ಲಂಡನ್ ಎಂದು ಹೇಳುವುದು ಬಹುಮಟ್ಟಿಗೆ ಸೌತಾಂಪ್ಟನ್, ಬ್ಯಾಂಕಾಕ್ ಎಂದು ಹೇಳುವುದು ಲೇಮ್ ಚಬಾಂಗ್. ಹಡಗು ಮಧ್ಯದಲ್ಲಿ ನಿಲ್ಲುವ ಊರುಗಳ ಹೆಸರೂ ಇದೇ ರೀತಿ: ಬರ್ಲಿನ್ ಎಂದು ಬರೆದ ದಿನ ನೀವು ಇಳಿಯುವುದು ಬಾಲ್ಟಿಕ್ ತೀರದ ವಾರ್ನೆಮುಂಡೆಯಲ್ಲಿ, ಅಲ್ಲಿಂದ ಬರ್ಲಿನ್‌ಗೆ ಹೋಗಿ ಬರುವುದರಲ್ಲಿ ದಿನದ ಐದಾರು ಗಂಟೆ ರೈಲಿನಲ್ಲೋ ಬಸ್ಸಿನಲ್ಲೋ ಕಳೆಯುತ್ತದೆ, ಪ್ಯಾರಿಸ್ ಎಂದರೆ ಲೆ ಆವ್ರ್. ಕುಳಿತು ಪ್ರಯಾಣ ಮಾಡಲಾಗದವರಿಗೆ ವಿಮಾನವನ್ನು ಉಳಿಸಿಕೊಟ್ಟು ಬಸ್ಸಿನಲ್ಲಿ ಕೂರಿಸಿದರೆ ಏನು ಬಂತು?

ಇನ್ನು ನಿನ್ನ ಅಲಾಸ್ಕಾಕ್ಕೆ ಬರುತ್ತೇನೆ. ಅಲ್ಲಿಯ ಕ್ರೂಸ್‌ಗಳು ಮುಖ್ಯವಾಗಿ ವ್ಯಾಂಕೂವರ್ ಅಥವಾ ಸಿಯಾಟಲ್‌ನಿಂದ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಹೊರಡುತ್ತವೆ. ಆ ಎರಡು ಊರು ನಿಮ್ಮವರ ಗಂಟೆಯ ಮಿತಿಯೊಳಗೆ ಬಂದರೆ ಬೇರೆ ಯೋಚನೆಯೇ ಬೇಡ, ಹೋಗಿಬನ್ನಿ. ಅಲಾಸ್ಕಾದ ಹಡಗುಗಳು ಹಿಡಿಯುವ ಇನ್‌ಸೈಡ್ ಪ್ಯಾಸೇಜ್ ದ್ವೀಪಗಳ ಮರೆಯಲ್ಲಿ ಸಾಗುವ ದಾರಿಯಾದ್ದರಿಂದ ಹಡಗು ಅಲುಗುವುದೂ ಕಡಿಮೆ. ಮಿತಿಯೊಳಗೆ ಬರದಿದ್ದರೆ, ಅಲಾಸ್ಕಾದಲ್ಲಿ ನಿನಗೆ ಬೇಕಾದದ್ದು ಏನು ಎಂದು ನಿನ್ನನ್ನೇ ಕೇಳಿಕೊ. ಕಡಿದಾದ ಬೆಟ್ಟಗಳ ನಡುವಿನ ನಿಶ್ಚಲ ನೀರು, ಜಲಪಾತಗಳು, ಹಡಗಿನ ಮೇಲ್ಮಹಡಿಯಲ್ಲಿ ನಿಂತು ನೋಡುವ ಎತ್ತರ, ಇವೇ ಬೇಕಾಗಿದ್ದರೆ ನಾರ್ವೆಯ ಫ್ಯೋರ್ಡ್‌ಗಳು, ಅಂದರೆ ಬೆಟ್ಟಗಳ ನಡುವೆ ಒಳಕ್ಕೆ ಚಾಚಿಕೊಂಡಿರುವ ಕಿರಿದಾದ ಸಮುದ್ರದ ಕೊಲ್ಲಿಗಳು, ಯಾವ ರೀತಿಯಲ್ಲೂ ಕಡಿಮೆಯಲ್ಲ. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗೈರಾಂಗರ್ ಫ್ಯೋರ್ಡ್‌ನ ಒಳಗೆ ಬೇಸಿಗೆಯಲ್ಲಿ ಹಡಗುಗಳು ಹೋಗುತ್ತವೆ, ಮತ್ತು ಅವು ಸೌತಾಂಪ್ಟನ್, ಹ್ಯಾಂಬರ್ಗ್, ಕೀಲ್, ಕೋಪನ್‌ಹೇಗನ್‌ಗಳಿಂದ ಹೊರಡುವುದರಿಂದ ಯೂರೋಪಿನಲ್ಲಿರುವವರು ವಿಮಾನವನ್ನೇ ಹತ್ತದೆ ರೈಲಿನಲ್ಲಿ ಬಂದರು ಸೇರಬಹುದು. ದಕ್ಷಿಣಾರ್ಧ ಗೋಳದಲ್ಲಿರುವವರಿಗೆ ಅದೇ ಅನುಭವವನ್ನು ನ್ಯೂಜಿಲೆಂಡಿನ ಮಿಲ್‌ಫೋರ್ಡ್ ಸೌಂಡ್ ಕೊಡುತ್ತದೆ, ಸಿಡ್ನಿ ಅಥವಾ ಆಕ್ಲೆಂಡಿನಿಂದ ಹಡಗು ಸಿಗುತ್ತದೆ, ಆದರೆ ಅಲ್ಲಿ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿ. ಆದರೆ ನಿನಗೆ ಬೇಕಾಗಿರುವುದು ಸಮುದ್ರದ ಅಂಚಿನಲ್ಲಿ ನಿಂತ ಹಿಮನದಿಯಿಂದ ಮಂಜುಗಡ್ಡೆ ಒಡೆದು ನೀರಿಗೆ ಬೀಳುವ ದೃಶ್ಯವೇ ಆಗಿದ್ದರೆ, ಅಲಾಸ್ಕಾದ ಗ್ಲೇಸಿಯರ್ ಬೇ ಎಂಬ ಕೊಲ್ಲಿಯ ಆ ನೋಟ ನಾರ್ವೆಯ ಮುಖ್ಯ ಭೂಭಾಗದಲ್ಲಿ ಸಿಗುವುದಿಲ್ಲ. ಅದಕ್ಕೆ ಇನ್ನೂ ಉತ್ತರದಲ್ಲಿರುವ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳವರೆಗೆ ಹೋಗಬೇಕು, ಅಥವಾ ಅಲಾಸ್ಕಾಕ್ಕೇ ಹೋಗಬೇಕು. ಅಂಥ ಆಸೆಯನ್ನು ನಾರ್ವೆ ತೋರಿಸಿ ಸಮಾಧಾನ ಮಾಡಲು ಹೋಗಬಾರದು, ಮುಂದೆ ಯಾವಾಗಲಾದರೂ ಮನಸ್ಸಿನಲ್ಲಿ ಕೊರೆಯುತ್ತಲೇ ಇರುತ್ತದೆ.

ಬೆಚ್ಚಗಿನ ನೀರು, ಮರಳ ತೀರ ಬೇಕೆನ್ನುವವರಿಗೆ ಬದಲಿ ಹುಡುಕುವುದು ಇಷ್ಟು ಕಷ್ಟವಲ್ಲ. ಕೆರಿಬಿಯನ್ ದೂರವಾದರೆ ಬೇಸಿಗೆಯಲ್ಲಿ ಗ್ರೀಸಿನ ದ್ವೀಪಗಳಿವೆ, ಚಳಿಗಾಲದಲ್ಲಿ ಕ್ಯಾನರಿ ದ್ವೀಪಗಳಿವೆ, ಏಷ್ಯಾದಲ್ಲಿ ಸಿಂಗಪುರದಿಂದ ಪೆನಾಂಗ್, ಲಂಕಾವಿ, ಫುಕೆಟ್‌ಗೆ ಹೋಗಿ ಬರುವ ಕಿರು ಪ್ರವಾಸಗಳಿವೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ದುಬೈ, ಅಬುಧಾಬಿ, ದೋಹಾ ಸುತ್ತಿನ ಪ್ರವಾಸಗಳೂ ಇವೆ. ಕೆರಿಬಿಯನ್ನೇ ಹತ್ತಿರವಿರುವವರು ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ ಎಂಬುದನ್ನು ನೆನಪಿಡಬೇಕು. ಹಡಗು ಬಿರುಗಾಳಿಯನ್ನು ತಪ್ಪಿಸಿಕೊಂಡು ಹೋಗುತ್ತದೆ, ಆದರೆ ನೀವು ನೋಡಬೇಕೆಂದಿದ್ದ ದ್ವೀಪವೂ ತಪ್ಪಿಹೋಗಬಹುದು.

ವಿಮಾನವೇ ಬೇಡ ಎನ್ನುವವರಿಗೂ ದಾರಿ ಇಲ್ಲದಿಲ್ಲ. ಕ್ವೀನ್ ಮೇರಿ 2 ಎಂಬ ಹಡಗು 2004ರಿಂದ ಸೌತಾಂಪ್ಟನ್ ಮತ್ತು ನ್ಯೂಯಾರ್ಕ್ ನಡುವೆ ಓಡಾಡುತ್ತಿದೆ, ಸಾಮಾನ್ಯವಾಗಿ ಏಳು ರಾತ್ರಿಗಳ ದಾರಿ. ಪಶ್ಚಿಮಕ್ಕೆ ಹೋಗುವಾಗ ಹೆಚ್ಚಿನ ದಿನಗಳಲ್ಲಿ ಒಂದೊಂದು ಗಂಟೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾರೆ, ಹೀಗಾಗಿ ನಿದ್ದೆ ಕೆಡದೆ ಅಟ್ಲಾಂಟಿಕ್ ದಾಟಬಹುದು. ಋತು ಬದಲಾದಾಗ ಹಡಗುಗಳನ್ನು ಒಂದು ಸಮುದ್ರದಿಂದ ಇನ್ನೊಂದಕ್ಕೆ ಸಾಗಿಸುವ ಒಮ್ಮುಖ ಪ್ರಯಾಣಗಳೂ ಇವೆ, ವಸಂತದಲ್ಲಿ ಕೆರಿಬಿಯನ್‌ನಿಂದ ಮೆಡಿಟರೇನಿಯನ್‌ಗೆ, ಶರತ್ಕಾಲದಲ್ಲಿ ಅಲ್ಲಿಂದ ಹಿಂದಕ್ಕೆ. ಇವುಗಳಲ್ಲಿ ಎರಡು ವಿಮಾನದ ಬದಲು ಒಂದೇ ವಿಮಾನ ಸಾಕಾಗುತ್ತದೆ, ಒಂದು ರಾತ್ರಿಯ ದರವೂ ಸಾಮಾನ್ಯವಾಗಿ ಕಡಿಮೆ. ಆದರೆ ಸಾಲಾಗಿ ಆರೇಳು ದಿನ ನೀರಲ್ಲದೆ ಬೇರೇನೂ ಕಾಣುವುದಿಲ್ಲ, ಅದನ್ನು ಸಂತೋಷದಿಂದ ಸಹಿಸುವವರು ಮಾತ್ರ ಹೋಗಬೇಕು. ಹಾಗೆಯೇ ಸೌತಾಂಪ್ಟನ್‌ನಿಂದ ವಿಮಾನವಿಲ್ಲದೆ ಮೆಡಿಟರೇನಿಯನ್‌ಗೆ ಹೋಗುವ ಹಡಗುಗಳು ಹೋಗುವಾಗಲೂ ಬರುವಾಗಲೂ ಬಿಸ್ಕೆ ಕೊಲ್ಲಿಯನ್ನು ದಾಟಬೇಕು, ಅದು ಒರಟು ಸಮುದ್ರವೆಂದು ಹೆಸರಾದದ್ದು. ತಲೆಸುತ್ತು, ವಾಂತಿಯ ಸ್ವಭಾವ ಇರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಕೇಳಬೇಕು. ಅದೂ ಬೇಡವಾದರೆ ನದಿಯ ಕ್ರೂಸ್ ಇದೆ: ಡ್ಯಾನ್ಯೂಬ್‌ನಲ್ಲಿ ಪಾಸಾವ್‌ನಿಂದ ವಿಯೆನ್ನಾ, ಬ್ರಾಟಿಸ್ಲಾವಾ ದಾಟಿ ಬುಡಾಪೆಸ್ಟ್‌ವರೆಗೆ, ರೈನ್‌ನಲ್ಲಿ ಬಾಸೆಲ್‌ನಿಂದ ಆಮ್‌ಸ್ಟರ್‌ಡ್ಯಾಮ್‌ವರೆಗೆ, ನೈಲ್‌ನಲ್ಲಿ ಲಕ್ಸರ್‌ನಿಂದ ಅಸ್ವಾನ್‌ವರೆಗೆ, ಅಲೆಯ ಮಾತೇ ಇಲ್ಲ, ಇಳಿದರೆ ಊರಿನ ಮಧ್ಯದಲ್ಲೇ ಇರುತ್ತೀರಿ.

ವೀಸಾದ ಒಂದು ವಿಷಯ ಹೇಳಿಬಿಡುತ್ತೇನೆ. ವಿದೇಶಿ ಧ್ವಜದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ, ಹಡಗು ಅಮೆರಿಕದ ಬಂದರಿನಿಂದ ಹೊರಟು ಅಮೆರಿಕಕ್ಕೇ ಮರಳುವಾಗ ನಡುವೆ ಬೇರೆ ದೇಶದ ಬಂದರನ್ನು ಮುಟ್ಟಲೇಬೇಕೆಂಬುದು 1886ರ ಕಾನೂನಿನಿಂದ ಬಂದ ನಿಯಮ, ಆದ್ದರಿಂದ ಸಿಯಾಟಲ್‌ನಿಂದ ಹೋಗುವ ಅಲಾಸ್ಕಾ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ; ನಿಮ್ಮ ಪಾಸ್‌ಪೋರ್ಟಿಗೆ ಎರಡೂ ದೇಶಗಳ ಅನುಮತಿ ಬೇಕೇ ಎಂದು ಮೊದಲೇ ನೋಡಿಕೊಳ್ಳಬೇಕು. ಗ್ರೀಸಿನಿಂದ ಟರ್ಕಿಗೆ ಹೋಗಿ ಮತ್ತೆ ಗ್ರೀಸಿಗೆ ಬರುವ ಹಡಗಾದರೆ, ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಬೇಕಾದವರು ಹಲವು ಪ್ರವೇಶಗಳ ವೀಸಾವನ್ನೇ ಕೇಳಬೇಕು.

ಯಾವ ಬಂದರಾದರೂ ಸರಿ, ಹಡಗು ಹೊರಡುವ ಹಿಂದಿನ ದಿನವೇ ಆ ಊರಿನಲ್ಲಿರಿ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ, ಮತ್ತು ವಿಮಾನವನ್ನು ದ್ವೇಷಿಸುವವರಿಗೆ ಆ ಆತಂಕವನ್ನೂ ಸೇರಿಸಿ ಕೊಡಬಾರದು. ಮರಳುವಾಗ ಹಡಗಿನಿಂದ ಬೆಳಿಗ್ಗೆ ಬೇಗನೆ ಇಳಿಸಿಬಿಡುತ್ತಾರೆ. ಆ ದಿನವೇ ಸಂಜೆಯವರೆಗೆ ಚೀಲಗಳೊಂದಿಗೆ ಅಲೆದು ರಾತ್ರಿ ವಿಮಾನ ಹತ್ತುವುದಕ್ಕಿಂತ ಒಂದು ರಾತ್ರಿ ಉಳಿದು ಮರುದಿನ ಹಗಲಿನಲ್ಲಿ ಹೊರಡುವುದು ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತ್ಯಂತ ಸಾರ್ಥಕವಾದ ಖರ್ಚು. ದೂರದ ಬಂದರನ್ನೇ ಆರಿಸಿದರೆ ಹಡಗಿನ ದಿನಗಳನ್ನೂ ಹೆಚ್ಚಿಸಿ. ಹದಿನೈದು ಗಂಟೆ ಹಾರಿ ನಾಲ್ಕು ರಾತ್ರಿ ಹಡಗಿನಲ್ಲಿರುವುದು ಯಾರಿಗೂ ಲಾಭವಲ್ಲ, ಅದೇ ಹಾರಾಟಕ್ಕೆ ಎರಡು ವಾರ ಸಿಕ್ಕರೆ ಮಾತು ಬೇರೆ. ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ವಿಚಿತ್ರವೆನ್ನಿಸಬಹುದು: ಬಾಲ್ಕನಿ ಇರುವ ಕೋಣೆಗೆಂದು ಎತ್ತಿಟ್ಟ ಹಣದಲ್ಲಿ ಒಳಗಿನ ಕೋಣೆ ತೆಗೆದುಕೊಂಡು, ಉಳಿದದ್ದನ್ನು ವಿಮಾನದಲ್ಲಿ ಕಾಲು ಚಾಚಲು ಜಾಗವಿರುವ ಆಸನಕ್ಕೆ ಹಾಕಿ. ಸಮುದ್ರವನ್ನು ಹಡಗಿನ ಮೇಲ್ಮಹಡಿಯಿಂದ ಎಲ್ಲರೂ ಪುಕ್ಕಟೆಯಾಗಿ ನೋಡುತ್ತಾರೆ, ವಿಮಾನದಲ್ಲಿ ಮಾತ್ರ ಪುಕ್ಕಟೆಯಾಗಿ ಕಾಲು ಚಾಚುವ ಜಾಗವಿಲ್ಲ.

ನೀವಿಬ್ಬರೂ ಕುಳಿತು ಮಾತನಾಡಿ ಮೂರು ಸಂಗತಿ ಇಲ್ಲೇ ತಿಳಿಸಿ: ಅವರು ಒಪ್ಪುವ ಗಂಟೆ ಎಷ್ಟು, ತೊಂದರೆ ಕೂರುವುದರದ್ದೋ ಇಳಿಯುವುದರದ್ದೋ, ಮತ್ತು ರಜೆ ಯಾವ ತಿಂಗಳು. ಅಷ್ಟು ತಿಳಿದರೆ ನಿಮ್ಮ ಊರಿನಿಂದ ಯಾವ ಯಾವ ಬಂದರು ಆ ಲೆಕ್ಕದೊಳಗೆ ಬರುತ್ತವೆ ಎಂದು ನಾನೇ ನೋಡಿ ಹಾಕುತ್ತೇನೆ.