ಗ್ರಿಡ್ ಹಾಕಿ ಬಿಡಿಸಿದ ಅಜ್ಜನ ಮುಖ ಅಗಲ ಆಗಿದೆ, ಎಲ್ಲಿ ತಪ್ಪಿದೆ?

ಪೆನ್ಸಿಲ್ ನೀರ್ಚಾಲು:
ಎಲ್ಲರಿಗೂ ನಮಸ್ಕಾರ. ನಮ್ಮ ಹಳೆ ಮನೆಯ ಚಾವಡಿಯಲ್ಲಿ ಅಜ್ಜನ ಒಂದು ಸ್ಟುಡಿಯೋ ಫೋಟೋ ಉಂಟು. ತಾಳಮದ್ದಳೆಗೆ ಭಾಗವತಿಕೆ ಮಾಡುತ್ತಿದ್ದ ಕಾಲದ್ದು, ಮುಂಡಾಸು ಕಟ್ಟಿಕೊಂಡು ಕೂತದ್ದು. ಹೊಸ ಮನೆ ಒಕ್ಕಲಿಗೆ ಅದನ್ನೇ ಪೆನ್ಸಿಲಲ್ಲಿ ದೊಡ್ಡದಾಗಿ ಬಿಡಿಸುವ ಅಂತ ಹೊರಟಿದ್ದೇನೆ. ಮೊಬೈಲಲ್ಲಿ ತೆಗೆದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ ಎ4 ಪ್ರಿಂಟ್ ಹಾಕಿಸಿದೆ. ಪ್ರಿಂಟಿನ ಮೇಲೆ 3 ಸೆಂ.ಮೀ. ಚೌಕ, 22×28 ಇಂಚಿನ ಕಾರ್ಟ್ರಿಜ್ ಶೀಟಿನ ಮೇಲೆ 5 ಸೆಂ.ಮೀ. ಚೌಕ ಹಾಕಿ, ಪ್ರಿಂಟಿನ ಒಂದೊಂದು ಚೌಕದಲ್ಲಿ ಇದ್ದದ್ದನ್ನು ಶೀಟಿನ ಅದೇ ಜಾಗದ ಚೌಕಕ್ಕೆ ಬಿಡಿಸಿದ್ದು.

ಔಟ್‌ಲೈನ್ ಮುಗಿದಿದೆ. ಒಂದೊಂದೇ ಚೌಕ ಹೋಲಿಸಿ ನೋಡಿದರೆ ಎಲ್ಲ ಸರಿ ಉಂಟು, ಆದರೆ ಎದ್ದು ದೂರ ನಿಂತು ನೋಡಿದರೆ ಅದು ಅಜ್ಜ ಅಲ್ಲ. ದೊಡ್ಡಮ್ಮ ನೋಡಿ "ಇದು ಸಣ್ಣಜ್ಜನಾ?" ಅಂತ ಕೇಳಿದರು. ಮುಖ ಅಗಲ, ಮತ್ತೆ ಇಡೀ ತಲೆ ಸ್ವಲ್ಪ ಎಡಕ್ಕೆ ವಾಲಿದ ಹಾಗೆ. ಗ್ರಿಡ್ ಗೆರೆ ಅಳಿಸಿದರೆ ಹೋಗುವುದೂ ಇಲ್ಲ, ಅದು ಬೇರೆ ತಲೆನೋವು. ಯಾರಾದರೂ ಹೇಳಿ.

ಕಡಲು ಕುಂಬಳೆ:
ಮೊಬೈಲ್ ಲೆನ್ಸಿನ ಪ್ರಾಬ್ಲಂ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡ ಆಗಿ ಮುಖದ ಆಕಾರವೇ ಬದಲಾಗುತ್ತದೆ. ಸೆಲ್ಫಿಯಲ್ಲಿ ನೋಡಿದ್ದೀರಲ್ಲ.

ಡ್ರಾಯಿಂಗ್ ಮಾಷ್ಟ್ರು:
ಅದು ಎದುರಿಗೆ ಕೂತ ಮನುಷ್ಯನನ್ನು ತೆಗೆದರೆ ಮಾರಾಯ್ರೆ. ಇಲ್ಲಿ ತೆಗೆದದ್ದು ಗೋಡೆಯ ಮೇಲಿನ ಚಪ್ಪಟೆ ಫೋಟೋ. ಅದರಲ್ಲಿ ಮೂಗೂ ಕಿವಿಯೂ ಒಂದೇ ಕಾಗದದ ಮೇಲೆ ಇವೆ, ಮೂಗು ಮಾತ್ರ ಮುಂದೆ ಬರುವುದು ಹೇಗೆ? ಚಪ್ಪಟೆ ಫೋಟೋ ತೆಗೆಯುವಾಗ ಹಾಳಾಗುವುದು ಬೇರೆ ರೀತಿ. ಮೊಬೈಲ್ ಓರೆಯಾದರೆ ಒಂದು ಬದಿ ಕಿರಿದು, ಇನ್ನೊಂದು ಬದಿ ಅಗಲ. ಗಾಜಿನಲ್ಲಿ ಬೆಳಕು ಹೊಳೆಯುತ್ತದೆ ಅಂತ ಹೆಚ್ಚಿನವರು ಕೆಳಗಿನಿಂದ ಮೇಲಕ್ಕೆ ಓರೆ ಮಾಡಿಯೇ ತೆಗೆಯುವುದು, ಆಗ ಹಣೆ ಕಿರಿದಾಗಿ ಗಲ್ಲ ದಪ್ಪ ಆಗುತ್ತದೆ.

ನೀರ್ಚಾಲಿನವರೇ, ಎರಡು ಕೆಲಸ ಮಾಡಿ. ಮೊಬೈಲಿನ ಚಿತ್ರದಲ್ಲಿ ಫ್ರೇಮಿನ ನಾಲ್ಕು ಅಂಚು ಸ್ಕ್ರೀನಿನ ಅಂಚಿಗೆ ಸಮ ಉಂಟಾ ನೋಡಿ. ಆಮೇಲೆ ಸ್ಕೇಲ್ ತೆಗೆದುಕೊಂಡು ಚಾವಡಿಯ ಫೋಟೋದಲ್ಲಿ ಮುಂಡಾಸಿನ ಕೆಳಗಿನ ಅಂಚಿನಿಂದ ಗಲ್ಲದ ತುದಿಯವರೆಗೆ ಎಷ್ಟು, ಒಂದು ಕೆನ್ನೆಮೂಳೆಯಿಂದ ಇನ್ನೊಂದಕ್ಕೆ ಎಷ್ಟು ಅಂತ ಅಳೆಯಿರಿ. ಅದೇ ಎರಡು ಅಳತೆ ಪ್ರಿಂಟಿನಲ್ಲೂ ಬೇಕು. ಇಡೀ ಫೋಟೋದ ಅಳತೆಯೂ ಹೇಳಿ.

ಪೆನ್ಸಿಲ್ ನೀರ್ಚಾಲು:
ಫ್ರೇಮಿನ ಅಂಚು ಸರಿ ಉಂಟು ಮಾಷ್ಟ್ರೇ, ಕೆಳಗೆ ಇಳಿಸಿ ನೆಲಕ್ಕೆ ಒರಗಿಸಿ ತೆಗೆದದ್ದು. ಹಳೆ ಫೋಟೋ 10×15 ಸೆಂ.ಮೀ. ಅದರಲ್ಲಿ ಮುಂಡಾಸಿನಿಂದ ಗಲ್ಲ 46 ಮಿ.ಮೀ., ಕೆನ್ನೆಯಿಂದ ಕೆನ್ನೆ 32. ಪ್ರಿಂಟಿನಲ್ಲಿ 91 ಮತ್ತು 67.

ಡ್ರಾಯಿಂಗ್ ಮಾಷ್ಟ್ರು:
ಸಿಕ್ಕಿತು. 32ನ್ನು 46ರಿಂದ ಭಾಗಿಸಿ, ಸುಮಾರು 0.70. ಪ್ರಿಂಟಿನಲ್ಲಿ 67 ಭಾಗಿಸು 91, ಸುಮಾರು 0.74. ಎರಡೂ ಒಂದೇ ಬರಬೇಕಿತ್ತು. ಪ್ರಿಂಟ್ ಅಡ್ಡಕ್ಕೆ ಹಿಗ್ಗಿದೆ.

10×15 ಅಂದರೆ ಅಗಲ ಎರಡು ಪಾಲು, ಎತ್ತರ ಮೂರು ಪಾಲು. ಎ4 ಹಾಳೆ 21×29.7, ಅದು ಆ ಲೆಕ್ಕಕ್ಕೆ ಕೂರುವುದಿಲ್ಲ, ಸ್ವಲ್ಪ ಜಾಸ್ತಿ ಅಗಲ. ಅಂಗಡಿಯವರು ಬದಿಯಲ್ಲಿ ಬಿಳಿ ಉಳಿಯಬಾರದು ಅಂತ ಎಳೆದು ತುಂಬಿಸಿದ್ದಾರೆ. ಎತ್ತರ 1.98 ಪಟ್ಟು ಆಯ್ತು, ಅಗಲ 2.1 ಪಟ್ಟು ಆಯ್ತು. ವರ್ಡಿನಲ್ಲಿ ಫೋಟೋದ ಮೂಲೆಯ ಚುಕ್ಕಿ ಹಿಡಿದು ಎಳೆದರೆ ಎರಡೂ ಒಟ್ಟಿಗೆ ದೊಡ್ಡದಾಗುತ್ತವೆ, ಬದಿಯ ಚುಕ್ಕಿ ಎಳೆದರೆ ಅಗಲ ಮಾತ್ರ. ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ ಇದನ್ನೆಲ್ಲ ಯಾರು ನೋಡುತ್ತಾರೆ.

ನಿಮ್ಮ ಶೀಟಿನಲ್ಲಿ ಈಗ ಮುಖದ ಎತ್ತರ 15.2 ಸೆಂ.ಮೀ. ಇರಬೇಕು, ಅಗಲ 11.2. ಆ ಎತ್ತರಕ್ಕೆ ಅಗಲ 10.6 ಸಾಕಿತ್ತು. 6 ಮಿ.ಮೀ. ಜಾಸ್ತಿ. ಮರಕ್ಕೋ ಗುಡ್ಡಕ್ಕೋ 6 ಮಿ.ಮೀ. ಲೆಕ್ಕವೇ ಅಲ್ಲ, ಮುಖಕ್ಕೆ ಅದು ಬೇರೆ ಮನುಷ್ಯನನ್ನೇ ತರುತ್ತದೆ. ನಿಮ್ಮ ಕೈ ಸರಿಯಾಗಿಯೇ ಕೆಲಸ ಮಾಡಿದೆ. ಗ್ರಿಡ್ಡಿಗೆ ಎಂತ ಗೊತ್ತು, ಪ್ರಿಂಟಿನಲ್ಲಿ ಇದ್ದದ್ದನ್ನು ಹಾಗೆಯೇ ದೊಡ್ಡ ಮಾಡಿ ಕೊಟ್ಟಿತು.

ಬಣ್ಣದ ಡಬ್ಬಿ ಉಪ್ಪಳ:
ಹೊಸ ಪ್ರಿಂಟ್ ಸಿಗದಿದ್ದರೆ ಒಂದು ಉಪಾಯ ಉಂಟು ತಮ್ಮಾ. ಪ್ರಿಂಟಿನ ಮೇಲೆ ಚೌಕದ ಬದಲು ಅಡ್ಡಕ್ಕೆ 3.18, ಉದ್ದಕ್ಕೆ 3 ಸೆಂ.ಮೀ. ಮನೆ ಹಾಕಿ ಶೀಟಿನಲ್ಲಿ ಸರಿಯಾದ 5 ಸೆಂ.ಮೀ. ಚೌಕದಲ್ಲೇ ಬಿಡಿಸಿದರೆ ಹಿಗ್ಗಿದ್ದು ತಾನಾಗಿ ಕುಗ್ಗುತ್ತದೆ.

ಆದರೆ ಈ ಲೆಕ್ಕದಿಂದ ವಾಲಿದ್ದು ಸರಿಯಾಗುವುದಿಲ್ಲ. ಅದು ಬೇರೆ ರೋಗ. ಶೀಟಿನಲ್ಲಿ 7 ಚೌಕ ಅಗಲ, 7 ಚೌಕ ಎತ್ತರದ ಜಾಗ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು ಹೇಳು. ಎರಡೂ 49.5 ಸೆಂ.ಮೀ. ಬರಬೇಕು.

ಪೆನ್ಸಿಲ್ ನೀರ್ಚಾಲು:
ಒಂದು 49.9, ಇನ್ನೊಂದು 49.1 ಅಕ್ಕ. ಅರ್ಧ ಸೆಂ.ಮೀ. ಸಹ ಇಲ್ಲ, ಅಷ್ಟು ಸಾಕಾ ವಾಲಲಿಕ್ಕೆ?

ಬಣ್ಣದ ಡಬ್ಬಿ ಉಪ್ಪಳ:
ಧಾರಾಳ ಸಾಕು. ಇವೆರಡರ ನಡುವೆ 8 ಮಿ.ಮೀ. ವ್ಯತ್ಯಾಸ ಅಂದರೆ ಕೆಳಗಿನಿಂದ ಮೇಲೆ ಹೋಗುವಾಗ ನಿನ್ನ ನಿಂತ ಗೆರೆಗಳೆಲ್ಲ ಅರ್ಧ ಸೆಂ.ಮೀ.ಗಿಂತ ಜಾಸ್ತಿ ಓರೆ ಹೋಗಿವೆ. ಶೀಟಿನ ಅಂಚಿನಿಂದಲೇ ಅಳೆದು ಗೆರೆ ಹಾಕಿದ್ದಲ್ವಾ? ಕಾಗದದ ಅಂಚನ್ನು ನಂಬಲೇಬಾರದು. ರೀಮಿನಿಂದ ಕತ್ತರಿಸುವಾಗ ಮೂಲೆ ಸರಿ 90 ಡಿಗ್ರಿ ಬರುವುದು ನಮ್ಮ ಅದೃಷ್ಟ.

ಮೇಸ್ತ್ರಿಗಳು ಮನೆಗೆ ಪಾಯ ಹಾಕುವಾಗ ಹಗ್ಗ ಹಿಡಿದು ಮೂರು-ನಾಲ್ಕು-ಐದು ನೋಡುತ್ತಾರಲ್ಲ, ಅದನ್ನೇ ಮಾಡು. ಅಂಚಿನಿಂದ ಒಳಗೆ ಒಂದು ಗೆರೆ ಎಳೆದು ಅದರಲ್ಲಿ 30 ಸೆಂ.ಮೀ. ಗುರುತು ಮಾಡು. ಒಂದು ತುದಿಯಿಂದ ಮೇಲಕ್ಕೆ 40 ಸೆಂ.ಮೀ. ಗೆರೆ. ಈ ಎರಡು ಗೆರೆಯ ಹೊರ ತುದಿಗಳ ನಡುವೆ ಸರಿಯಾಗಿ 50 ಬಂದರೆ ಮೂಲೆ ನೇರ ಉಂಟು ಅಂತ ಅರ್ಥ. ಮತ್ತೆ, 5 ಸೆಂ.ಮೀ. ಅಳೆದು ಸ್ಕೇಲ್ ಎತ್ತಿ ಮುಂದಿಟ್ಟು ಪುನಃ 5 ಅಳೆಯುವ ಕೆಲಸ ಬೇಡ. ಸ್ಕೇಲ್ ಒಂದೇ ಕಡೆ ಇಟ್ಟು 5, 10, 15, 20 ಅಂತ ಒಟ್ಟಿಗೆ ಗುರುತು ಹಾಕು. ಇಲ್ಲದಿದ್ದರೆ ಪ್ರತಿ ಸಲ ಅರ್ಧ ಮಿ.ಮೀ. ತಪ್ಪಿ ಕೊನೆಯ ಚೌಕಕ್ಕೆ ಮುಟ್ಟುವಾಗ ದೊಡ್ಡ ತಪ್ಪಾಗುತ್ತದೆ.

ಸುಮ್ನೆ ಕೇಳಿದೆ:
ಕ್ಷಮಿಸಿ, ಇಷ್ಟೆಲ್ಲ ಅಳತೆ ಲೆಕ್ಕ ಮಾಡಿ ಬಿಡಿಸುವುದು ಕಲೆಯಾ? ಟ್ರೇಸಿಂಗ್ ಪೇಪರ್ ಇಟ್ಟರೆ ಬೇಗ ಆಗುತ್ತದಲ್ಲ.

ಡ್ರಾಯಿಂಗ್ ಮಾಷ್ಟ್ರು:
ಈ ಪ್ರಶ್ನೆ ಬಾರದೆ ಇರುವುದಿಲ್ಲ ಅಂತ ಗೊತ್ತಿತ್ತು. ಇಟಲಿಯ ಆಲ್ಬರ್ಟಿ 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆಯುವಾಗಲೇ ದಾರದಿಂದ ಚೌಕ ಮಾಡಿದ ತೆಳು ಬಟ್ಟೆಯ ಮೂಲಕ ನೋಡಿ ಬಿಡಿಸಿ ಅಂತ ಹೇಳಿದ್ದಾನೆ. ಅಮೆರಿಕದ ಚಕ್ ಕ್ಲೋಸ್ ಗೊತ್ತಾ, 1940ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡವರು. ಅವರಿಗೆ ಮುಖ ಗುರುತು ಹಿಡಿಯಲು ಆಗದ ತೊಂದರೆ ಇತ್ತು. ಅಂಥವರು ಫೋಟೋಕ್ಕೆ ಗ್ರಿಡ್ ಹಾಕಿ ಆಳಿಗಿಂತ ಎತ್ತರದ ಮುಖಗಳನ್ನು ಬರೆದೇ ಹೆಸರು ಮಾಡಿದರು. ನಮ್ಮ ಕಡೆ ಸಿನೆಮಾ ಬ್ಯಾನರ್ ಬರೆಯುತ್ತಿದ್ದವರೂ ಚೌಕ ಹಾಕಿಯೇ ದೊಡ್ಡ ಮಾಡುತ್ತಿದ್ದದ್ದು. ಟ್ರೇಸಿಂಗಿನಲ್ಲಿ ಕೈ ಗೆರೆಯ ಮೇಲೆ ಹೋಗುತ್ತದೆ, ಇಲ್ಲಿ ಪ್ರತಿ ಚೌಕವನ್ನೂ ಕಣ್ಣು ನೋಡಲೇಬೇಕು. ಹಾಗಂತ ಶಾಲಾ ಕಲೋತ್ಸವದ ಸ್ಪರ್ಧೆಗೆ ಹೋಗುವ ಮಕ್ಕಳಿಗೆ ನಾನು ಗ್ರಿಡ್ ಹೇಳಿಕೊಡುವುದಿಲ್ಲ, ಅಲ್ಲಿ ಅದಕ್ಕೆ ಪುರುಸೊತ್ತು ಇಲ್ಲ. ಸಾಕು, ವಿಷಯಕ್ಕೆ ಬರುವ.

ನೀರ್ಚಾಲಿನವರೇ, ಹೊಸ ಪ್ರಿಂಟೇ ಹಾಕಿಸಿ, ಅದಕ್ಕೆ ಎಷ್ಟು ಮಹಾ ಖರ್ಚು. ಎ4 ಹಾಳೆಯಲ್ಲೇ ಚಿತ್ರ ಮಾತ್ರ 18×27 ಸೆಂ.ಮೀ. ಇರಲಿ, ಸುತ್ತ ಬಿಳಿ ಉಳಿಯಲಿ ಅಂತ ಹೇಳಿ. ಆಗ 3 ಸೆಂ.ಮೀ. ಚೌಕ ಅಗಲಕ್ಕೆ 6, ಎತ್ತರಕ್ಕೆ 9, ಚೂರು ಚಾರು ಉಳಿಯುವುದೇ ಇಲ್ಲ. ಶೀಟಿನಲ್ಲಿ 5 ಸೆಂ.ಮೀ. ಚೌಕಕ್ಕೆ 30×45 ಆಯ್ತು, ಅಂದರೆ ಚಾವಡಿಯ ಫೋಟೋದ ಸರಿಯಾಗಿ 3 ಪಟ್ಟು. ಇದರ ಲಾಭ ನೋಡಿ: ಸಂಶಯ ಬಂದಾಗೆಲ್ಲ ಹಳೆ ಫೋಟೋದಲ್ಲೇ ಅಳೆದು ಮೂರರಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ಮುಖದ ಅಗಲ 96 ಮಿ.ಮೀ., ಎತ್ತರ 138. ಇಷ್ಟು ಬಂದ ಮೇಲೆಯೇ ಕಣ್ಣು ಮೂಗಿಗೆ ಕೈ ಹಾಕಿ.

ಪೆನ್ಸಿಲ್ ನೀರ್ಚಾಲು:
ಅಂದರೆ ಈ ಶೀಟ್ ಬಿಟ್ಟು ಹೊಸದರಲ್ಲೇ ಶುರು ಮಾಡಬೇಕಾ? ಮುಂಡಾಸಿನ ಮಡಿಕೆ ಅಷ್ಟು ಚೆಂದ ಬಂದಿತ್ತು.

ಬಣ್ಣದ ಡಬ್ಬಿ ಉಪ್ಪಳ:
ಹೊಸದೇ. ಮುಂಡಾಸು ಇನ್ನೊಮ್ಮೆ ಇನ್ನೂ ಚೆಂದ ಬರುತ್ತದೆ, ಕೈಗೆ ಗೊತ್ತಾಯ್ತಲ್ಲ. ಹಳೆ ಶೀಟಿನಲ್ಲಿ ಶೇಡ್ ಪ್ರಾಕ್ಟೀಸ್ ಮಾಡು. ಗ್ರಿಡ್ ಗೆರೆಗೆ ಯಾವ ಪೆನ್ಸಿಲ್ ತೆಗೆದುಕೊಂಡದ್ದು?

ಪೆನ್ಸಿಲ್ ನೀರ್ಚಾಲು:
2ಎಚ್. ತೆಳು ಗೆರೆ ಬರುತ್ತದೆ ಅಂತ ಎಲ್ಲೋ ಓದಿದ್ದು.

ಬಣ್ಣದ ಡಬ್ಬಿ ಉಪ್ಪಳ:
ಬಣ್ಣ ತೆಳು, ಆದರೆ ಸೀಸ ಗಟ್ಟಿ. ಆಟಿ ತಿಂಗಳ ಮಳೆಗೆ ಕಾಗದ ತಂಪು ಹಿಡಿದು ಮೆತ್ತಗಾಗಿರುತ್ತದೆ, ಅದರ ಮೇಲೆ 2ಎಚ್ ಒತ್ತಿದರೆ ಗೆರೆ ಬದಲು ಗೀರು ಬೀಳುತ್ತದೆ. ರಬ್ಬರ್ ಹಾಕಿದರೆ ಕಪ್ಪು ಹೋಗುತ್ತದೆ, ಗೀರು ಹೋಗುವುದಿಲ್ಲ. ಮೇಲಿಂದ ಮೆತ್ತನೆ ಸೀಸದ ಕಪ್ಪು ಪೆನ್ಸಿಲ್ 4ಬಿಯಲ್ಲಿ ಶೇಡ್ ಕೊಟ್ಟ ಕೂಡಲೇ ಕೆನ್ನೆಯ ಮಧ್ಯದಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ. ಆಮೇಲೆ ಎಂತ ಮಾಡಿದರೂ ಸರಿಯಾಗುವುದಿಲ್ಲ. ಎಚ್‌ಬಿ ಸಾಕು, ಪೆನ್ಸಿಲ್ ಹಿಂದೆ ಹಿಡಿದು ಅದರ ಭಾರದಲ್ಲೇ ಎಳೆ. ಅಳಿಸಲಿಕ್ಕೆ ಹಿಟ್ಟಿನ ಹಾಗೆ ನಾದುವ ನೀಡೆಡ್ ರಬ್ಬರ್, ಉಜ್ಜುವುದು ಬೇಡ, ಒತ್ತಿ ಎತ್ತು. ಒಂದು ಚೌಕಕ್ಕೆ ಶೇಡ್ ಕೊಡುವ ಮೊದಲೇ ಅದರ ಗೆರೆ ತೆಗೆದುಬಿಡು.

ನಾನು ಮುಖಕ್ಕೆ ಈಗ ಗೆರೆಯೇ ಹಾಕುವುದಿಲ್ಲ. ಬೋರ್ಡಿನ ಅಂಚಿಗೆ ಸಣ್ಣ ಮೊಳೆ ಹೊಡೆದು ಹೊಲಿಗೆಯ ಕಪ್ಪು ನೂಲು ಅಡ್ಡ ಉದ್ದ ಬಿಗಿದು ಕಟ್ಟುತ್ತೇನೆ. ನೂಲು ಕಾಗದಕ್ಕೆ ತಾಗಿಕೊಂಡೇ ಇರಬೇಕು, ಎತ್ತರದಲ್ಲಿದ್ದರೆ ತಲೆ ಅಲ್ಲಾಡಿಸಿದ ಹಾಗೆ ಜಾಗ ಬದಲಾಗುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿದರಾಯ್ತು.

ಕಡಲು ಕುಂಬಳೆ:
ನೂಲಿನ ಉಪಾಯ ಭಾರೀ ಲಾಯ್ಕ ಉಂಟು. ನಾನು ಮೊಬೈಲ್ ಆ್ಯಪಿನಲ್ಲಿ ಗ್ರಿಡ್ ಹಾಕಿ ಸ್ಕ್ರೀನ್ ನೋಡಿ ಬಿಡಿಸುತ್ತೇನೆ, ಅದೂ ಆಗುತ್ತದಲ್ಲ?

ಡ್ರಾಯಿಂಗ್ ಮಾಷ್ಟ್ರು:
ಆಗುತ್ತದೆ, ಫೋಟೋ ಹಿಗ್ಗಿರಬಾರದು ಅಷ್ಟೇ. ಝೂಮ್ ಮಾಡಿದಾಗ ಯಾವ ಚೌಕದಲ್ಲಿದ್ದೇವೆ ಅಂತ ಮರೆಯುತ್ತದೆ. ಅದಕ್ಕೇ ಅಡ್ಡಕ್ಕೆ ಕ ಖ ಗ ಘ ಚ ಛ, ಉದ್ದಕ್ಕೆ 1ರಿಂದ 9 ಬರೆದುಕೊಳ್ಳಬೇಕು.

ನೀರ್ಚಾಲಿನವರೇ, ಬಿಡಿಸುವ ರೀತಿಯ ಬಗ್ಗೆ ಒಂದು ಮಾತು. ಗ-4ರಲ್ಲಿ ಕಣ್ಣು ಉಂಟು ಅಂತ ಇಟ್ಟುಕೊಳ್ಳಿ. ಕಣ್ಣು ಬಿಡಿಸಬೇಡಿ. ಮೇಲಿನ ರೆಪ್ಪೆಯ ಗೆರೆ ಚೌಕದ ಎಡ ಅಂಚನ್ನು ಎಲ್ಲಿ ಕಡಿಯುತ್ತದೆ, ಅರ್ಧಕ್ಕಾ, ಮೂರರಲ್ಲಿ ಒಂದು ಪಾಲಿಗಾ, ಅಲ್ಲಿ ಒಂದು ಚುಕ್ಕಿ. ಬಲ ಅಂಚನ್ನು ಕಡಿಯುವಲ್ಲಿ ಇನ್ನೊಂದು. ಹೀಗೆ ಸುತ್ತ ನಾಲ್ಕೂ ಅಂಚಿನಲ್ಲಿ ಚುಕ್ಕಿ ಇಟ್ಟ ಮೇಲೆ ಒಳಗಿನ ಗೆರೆ ಸೇರಿಸಿ. ಕಣ್ಣು ಅಂತ ನೆನಪು ಬಂದ ಕೂಡಲೇ ಕೈ ತನಗೆ ಗೊತ್ತಿರುವ ಮಾವಿನಕಾಯಿ ಆಕಾರ ಬರೆಯುತ್ತದೆ. ಫೋಟೋವನ್ನೂ ಶೀಟನ್ನೂ ತಲೆಕೆಳಗು ಮಾಡಿಟ್ಟು ಬಿಡಿಸಿದರೆ ಇನ್ನೂ ಒಳ್ಳೆಯದು. ಕಣ್ಣು, ಬಾಯಿ ಇರುವ ಚೌಕಗಳನ್ನು ಪುನಃ ನಾಲ್ಕು ಭಾಗ ಮಾಡಿ, ಪ್ರಿಂಟಿನಲ್ಲಿ 1.5, ಶೀಟಿನಲ್ಲಿ 2.5. ಮುಂಡಾಸಿಗೂ ಅಂಗಿಗೂ ಅಷ್ಟು ಸಣ್ಣ ಚೌಕ ಬೇಡ, ಸುಮ್ನೆ ಸಮಯ ಹಾಳು.

ಶೇಡ್ ಕೊಡುವಾಗ ಕಣ್ಣಿನ ಬಿಳಿ ಭಾಗವನ್ನು ಬಿಳಿ ಬಿಡಬೇಡಿ. ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳುತ್ತದೆ. ಎಚ್‌ಬಿಯಲ್ಲಿ ತೆಳುವಾಗಿ ಬೂದು ಮಾಡಿ. ಕರಿಯ ಗುಡ್ಡೆಯಲ್ಲಿರುವ ಬೆಳಕಿನ ಚುಕ್ಕಿ ಒಂದು ಮಾತ್ರ ಕಾಗದದ ಬಿಳಿ.

ಪೆನ್ಸಿಲ್ ನೀರ್ಚಾಲು:
ಹೊಸ ಪ್ರಿಂಟ್ ಬಂತು. ನಾನೇ ಪಕ್ಕದಲ್ಲಿ ನಿಂತು ಹಾಕಿಸಿದೆ, ಸ್ಕೇಲ್ ಇಟ್ಟರೆ ಸರಿಯಾಗಿ 18×27. ಮುಖ 58 ಮತ್ತು 83 ಮಿ.ಮೀ., ಭಾಗಿಸಿದರೆ 0.70. ಶೀಟಿನಲ್ಲಿ 30-40-50 ಬಂದಿದೆ. ನೂಲು ಕಟ್ಟಿ ಚುಕ್ಕಿ ಇಟ್ಟು ತಲೆಯ ಆಕಾರ ಮಾತ್ರ ಮಾಡಿದ್ದೇನೆ. ದೊಡ್ಡಮ್ಮನಿಗೆ ಇನ್ನೂ ತೋರಿಸಿಲ್ಲ. ಒಂದು ಸಂಶಯ: ಮುಗಿದ ಮೇಲೆ ನೇರ ಗಾಜು ಹಾಕಿ ಫ್ರೇಮ್ ಮಾಡಿಸಬಹುದಾ?

ಬಣ್ಣದ ಡಬ್ಬಿ ಉಪ್ಪಳ:
ಗಾಜು ಚಿತ್ರಕ್ಕೆ ತಾಗಬಾರದು ತಮ್ಮಾ. ನಮ್ಮ ಕಡೆಯ ತಂಪಿಗೆ ಗಾಜಿನ ಒಳಗೆ ನೀರಪಸೆ ಕೂತು ಪೆನ್ಸಿಲ್ ಪುಡಿ ಗಾಜಿಗೆ ಅಂಟುತ್ತದೆ, ಬೂಸ್ಟು ಬೇರೆ. ಸುತ್ತ ದಪ್ಪ ಮೌಂಟ್ ಬೋರ್ಡ್ ಹಾಕಿಸಿ ಎರಡು ಮೂರು ಮಿ.ಮೀ. ಸಂದು ಬಿಡಿಸು. ಗೋಡೆ ಬೆವರುವ ಜಾಗದಲ್ಲಿ ತೂಗಬೇಡ. ಒಕ್ಕಲು ಯಾವಾಗ? ಮಳೆ ಬಿಟ್ಟ ಮೇಲೆ ಅಂತಾದರೆ ಫ್ರೇಮ್ ಕೆಲಸವೂ ಆಗಲೇ ಮಾಡಿಸು, ಅಲ್ಲಿವರೆಗೆ ಎರಡು ಒಣ ಹಾಳೆಯ ನಡುವೆ ಚಪ್ಪಟೆ ಇಡು, ಸುರುಳಿ ಸುತ್ತಬೇಡ.